ಎರಡಕ್ಕೂ ಏನ್ ಸಂಬಂಧ ಅದ, ಸರ?

ಏನೂ ಇಲ್ಲ.

ಉತ್ತರ ಇಷ್ಟೇ. ತೆಳುಪದರಗಳ ಭೌತವಿಜ್ಞಾನಕ್ಕೂ ಸಾಹಿತ್ಯ ವಿಮರ್ಶೆಗೂ ಸಂಬಂಧ ಇಲ್ಲ. ಗಾಜಿನ ಮೇಲೆ ನೂರು ನ್ಯಾನೋಮೀಟರ್ ದಪ್ಪ ಲೋಹ ಕೂರಿಸುವುದು ಒಂದು ಕೆಲಸ. ಹಳೆಯ ಪದ್ಯವೊಂದರ ಪಾಠ, ಅಂದರೆ ಅದರ ಒಂದೊಂದು ಅಕ್ಷರ, ಸರಿ ಇದೆಯೋ ಇಲ್ಲವೋ ನೋಡಿ, ಅದರ ಬಗ್ಗೆ ನಾಲ್ಕು ಮಾತು ಬರೆಯುವುದು ಇನ್ನೊಂದು ಕೆಲಸ. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ದಲ್ಲಾಳಿ ಮಾಡುವವ ರಾತ್ರಿ ಭಜನೆಯಲ್ಲಿ ತಬಲಾ ಬಾರಿಸಿದರೆ, ‘ತೊಗರಿಗೂ ತಬಲಕ್ಕೂ ಏನ್ ಸಂಬಂಧ ಅದ?’ ಅಂತ ಕಲಬುರಗಿಯಲ್ಲಿ ಯಾರೂ ಕೇಳುವುದಿಲ್ಲ. ಈ ಎರಡೂ ಕೆಲಸ ಮಾಡುವ ನಮ್ಮನ್ನು ಮಾತ್ರ ಕೇಳುತ್ತಾರೆ. ಮದುವೆಯ ಪಂಕ್ತಿಯಲ್ಲಿ ಕೇಳುತ್ತಾರೆ, ಸೆಮಿನಾರಿನ ಚಹಾ ವೇಳೆಯಲ್ಲಿ ಕೇಳುತ್ತಾರೆ, ಪುಸ್ತಕ ಬಿಡುಗಡೆಯ ವೇದಿಕೆಯಲ್ಲಿ ಮೈಕು ಕೈಗೆ ಕೊಡುವ ಮುಂಚೆಯೂ ಕೇಳುತ್ತಾರೆ.

ಕೇಳಲಿ, ಬೇಜಾರಿಲ್ಲ. ಬೇಜಾರು, ಉತ್ತರವನ್ನೂ ತಾವೇ ತಂದಿರುತ್ತಾರಲ್ಲ, ಅದಕ್ಕೆ. ‘ಸೈನ್ಸ್ ಹೊಟ್ಟಿಗಿ, ಸಾಹಿತ್ಯ ಮನಸಿಗಿ, ಹೌದಲ್ರಿ?’ ಅಂತ ಒಬ್ಬರು. ತೆಳುಪದರದ ಸಂಶೋಧನೆಯಿಂದ ಹೊಟ್ಟೆ ತುಂಬುತ್ತದೆ ಎಂದು ಇವರಿಗೆ ಹೇಳಿದವರು ಯಾರೋ, ಫೆಲೋಶಿಪ್ಪಿನ ದುಡ್ಡು ಯಾವ ತಿಂಗಳು ಬರುತ್ತದೆ ಎಂದು ಕಾಯುವ ಹುಡುಗರನ್ನು ಕೇಳಿ ನೋಡಲಿ. ‘ಎರಡೂ ಸತ್ಯದ ಹುಡುಕಾಟ’ ಅಂತ ಇನ್ನೊಬ್ಬರು. ‘ಅಲ್ಲಿ ಮಶೀನು ಹೇಳ್ತದ, ಇಲ್ಲಿ ನಿಮ್ಮ ಮನಸ್ಸಿಗಿ ತಿಳಿದಂಗ ಬರೀಬಹುದು’ ಅಂತ ಮೂರನೆಯವರು. ಈ ಮೂರನೆಯ ಮಾತನ್ನು ನನಗೆ ತಡೆದುಕೊಳ್ಳಲಾಗುವುದಿಲ್ಲ. ಒಂದೇ ವಾಕ್ಯದಲ್ಲಿ ಎರಡು ಸುಳ್ಳು. ಮಶೀನು ಏನೂ ಹೇಳುವುದಿಲ್ಲ. ಪದ್ಯದ ಬಗ್ಗೆ ಮನಸ್ಸಿಗೆ ತಿಳಿದಂತೆ ಬರೆಯಲಿಕ್ಕೂ ಬರುವುದಿಲ್ಲ.

ಮೊದಲು ಮಶೀನಿನ ಸುಳ್ಳು. ನಿರ್ವಾತ ಕೋಣೆಯಲ್ಲಿ ಲೋಹ ಕಾಯಿಸಿ, ಅದರ ಆವಿಯನ್ನು ಗಾಜಿನ ಮೇಲೆ ಹಿಡಿಯುವುದು ಈ ವಿದ್ಯೆಯ ಹಳೆಯ ವಿಧಾನ. ಗಾಜಿನ ಸ್ಲೈಡನ್ನು ಸೋಪಿನ ನೀರು, ಅಯಾನುರಹಿತ ನೀರು, ಅಸಿಟೋನ್, ಐಸೋಪ್ರೊಪೈಲ್ ಆಲ್ಕೋಹಾಲ್ ಈ ಕ್ರಮದಲ್ಲಿ, ಒಂದೊಂದರಲ್ಲೂ ಹತ್ತು ನಿಮಿಷ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ತೊಳೆಯಬೇಕು. ಅಸಿಟೋನಿನಿಂದ ತೆಗೆದ ಗಾಜು ಒಣಗುವ ಮೊದಲೇ ಆಲ್ಕೋಹಾಲಿಗೆ ಬೀಳಬೇಕು. ಒಣಗಿತೋ, ಅಸಿಟೋನು ಕರಗಿಸಿದ್ದ ಕೊಳೆಯೆಲ್ಲ ಅಲ್ಲೇ ಕಲೆಯಾಗಿ ಕೂರುತ್ತದೆ, ಆಮೇಲೆ ಅದರ ಮೇಲೆ ಚಿನ್ನವೇ ಹಾಕಿದರೂ ಅಷ್ಟೇ.

ಚಿನ್ನಕ್ಕಂತೂ ಬರೀ ಗಾಜಿನ ಮೇಲೆ ನಿಲ್ಲುವ ಬುದ್ಧಿಯೇ ಇಲ್ಲ. ಗಾಜಿನ ಆಮ್ಲಜನಕದ ಜೊತೆ ಅದು ಬಂಧ ಕಟ್ಟಿಕೊಳ್ಳುವುದಿಲ್ಲ, ಸೆಲ್ಲೋಟೇಪ್ ಅಂಟಿಸಿ ಎಳೆದರೆ ಟೇಪಿನ ಜೊತೆಯೇ ಬಂದುಬಿಡುತ್ತದೆ. ಕೆಳಗೆ ಐದು ನ್ಯಾನೋಮೀಟರಿನಷ್ಟು ಕ್ರೋಮಿಯಮ್ ಬೇಕು. ಅಲ್ಯೂಮಿನಿಯಮ್ಮಿನ ತಕರಾರು ಬೇರೆ. ನಿರ್ವಾತ ಎಂದು ನಾವು ಕರೆಯುವುದು ಮಿಲಿಬಾರಿನ ಲಕ್ಷದಲ್ಲೊಂದು ಭಾಗದಷ್ಟು ಗಾಳಿಯ ಒತ್ತಡ. ಆ ಒತ್ತಡದಲ್ಲಿ ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯದೆ ಸರಾಸರಿ ಆರು ಮೀಟರಿಗೂ ಹೆಚ್ಚು ಹೋಗುತ್ತದೆ. ಲೋಹ ಇಟ್ಟು ಕಾಯಿಸುವ ಪುಟ್ಟ ‘ದೋಣಿ’ಯಿಂದ ಗಾಜಿಗೆ ಇರುವ ದೂರ ಗೇಣಿನಷ್ಟು, ಆದ್ದರಿಂದ ಲೋಹ ನೆಟ್ಟಗೆ ಬಂದು ಕೂರುತ್ತದೆ. ಆದರೆ ಅದೇ ಒತ್ತಡದಲ್ಲಿ ಉಳಿದಿರುವ ಅನಿಲ, ಹೆಚ್ಚಾಗಿ ನೀರಿನ ಆವಿ, ಒಂದು ಸೆಕೆಂಡಿನೊಳಗೇ ಗಾಜಿನ ಮೇಲ್ಮೈಯನ್ನೆಲ್ಲ ಒಂದು ಪದರ ಮುಚ್ಚುವಷ್ಟು ಸಲ ಬಂದು ತಾಕುತ್ತದೆ. ಸೆಕೆಂಡಿಗೆ 0.1 ನ್ಯಾನೋಮೀಟರಿನಂತೆ ನಾಜೂಕಾಗಿ ಹಾಕುತ್ತಾ ಕೂತರೆ ಅಲ್ಯೂಮಿನಿಯಮ್ಮಿಗಿಂತ ಹೆಚ್ಚು ಅನಿಲವೇ ಬಂದು ತಾಕಿ, ಪದರ ಮಂಕಾಗುತ್ತದೆ. ಸೆಕೆಂಡಿಗೆ ಒಂದೆರಡು ನ್ಯಾನೋಮೀಟರ್ ವೇಗ ಬೇಕು. ನಿಧಾನವೇ ಪ್ರಧಾನ ಎನ್ನುವ ಗಾದೆಗೆ ಅಲ್ಯೂಮಿನಿಯಮ್ ಸೊಪ್ಪು ಹಾಕುವುದಿಲ್ಲ.

ನಮ್ಮ ಊರಿನ ಪಾಲೂ ಇದರಲ್ಲಿದೆ. ಶಹಾಬಾದ, ವಾಡಿ, ಸೇಡಂ ಎಲ್ಲ ಸುಣ್ಣಕಲ್ಲಿನ ಸೀಮೆ. ಬೋರಿನ ಗಡಸು ನೀರನ್ನು ನೇರವಾಗಿ, ಕುದಿಯುವ ಎಣ್ಣೆಯ ಆವಿಯಿಂದ ಕೋಣೆಯ ಗಾಳಿ ಹೊರಗೆಳೆಯುವ ಡಿಫ್ಯೂಷನ್ ಪಂಪಿನ ತಂಪು ಕೊಳವೆಗೆ ಬಿಟ್ಟರೆ ಒಳಗೆ ಸುಣ್ಣ ಕಟ್ಟುತ್ತದೆ. ಮೇ ತಿಂಗಳಲ್ಲಿ ಮಾಳಿಗೆಯ ಟ್ಯಾಂಕಿನ ನೀರು ಕೈ ಸುಡುತ್ತಿರುತ್ತದೆ, ಅದನ್ನು ತಂಪು ನೀರು ಅಂತ ಕರೆಯುವುದೇ ತಮಾಷೆ. ಪಂಪಿನ ಗೋಡೆ ತಂಪಾಗದಿದ್ದರೆ ಎಣ್ಣೆಯ ಆವಿ ಕೆಳಗಿಳಿಯುವ ಬದಲು ಹಿಮ್ಮೆಟ್ಟಿ ಕೋಣೆಗೇ ಏರುತ್ತದೆ. ಕರೆಂಟು ಹೋದ ತಕ್ಷಣ ಮೊದಲು ಮುಚ್ಚಬೇಕಾದದ್ದು ಕೋಣೆ ಮತ್ತು ಪಂಪಿನ ನಡುವಿನ ದೊಡ್ಡ ವಾಲ್ವ್. ನೀರನ್ನು ಮಾತ್ರ ನಿಲ್ಲಿಸಕೂಡದು, ಎಣ್ಣೆ ಇನ್ನೂ ಕುದಿಯುತ್ತಿರುತ್ತದೆ.

ಇಷ್ಟಾದ ಮೇಲೆ ಪರದೆಯಲ್ಲಿ ‘100’ ಅಂತ ಅಂಕಿ ಬರುತ್ತದೆ. ಮಶೀನು ಹೇಳಿತು! ಏನು ಹೇಳಿತು? ಕೋಣೆಯೊಳಗೆ ಆರು ಮೆಗಾಹರ್ಟ್ಸಿನಲ್ಲಿ ಕಂಪಿಸುವ ಒಂದು ಕ್ವಾರ್ಟ್ಸ್ ಬಿಲ್ಲೆ ಇರುತ್ತದೆ. ಅದರ ಮೇಲೆ ಲೋಹ ಕೂತಂತೆ ಕಂಪನ ಇಳಿಯುತ್ತದೆ. ಆ ಇಳಿತಕ್ಕೂ ತೂಕಕ್ಕೂ ಇರುವ ಲೆಕ್ಕವನ್ನು ಜರ್ಮನ್ ವಿಜ್ಞಾನಿ ಸೌರ್‌ಬ್ರೆ 1959ರಲ್ಲಿ ಕೊಟ್ಟ. ಬಿಲ್ಲೆಗೆ ಗೊತ್ತಿರುವುದು ತೂಕವೊಂದೇ, ದಪ್ಪ ಅಲ್ಲ. ತೂಕವನ್ನು ನೀವು ಗುಂಡಿ ಒತ್ತಿ ಕೊಟ್ಟ ಸಾಂದ್ರತೆಯಿಂದ ಭಾಗಿಸಿ ಮಶೀನು ದಪ್ಪ ತೋರಿಸುತ್ತದೆ. ನಿನ್ನೆ ಅಲ್ಯೂಮಿನಿಯಮ್ಮಿಗೆ ಒತ್ತಿದ್ದ 2.70 ಹಾಗೇ ಉಳಿದು, ಇವತ್ತು 19.3 ಸಾಂದ್ರತೆಯ ಚಿನ್ನ ಹಾಕಿದರೆ, ಪರದೆ ನೂರು ಎನ್ನುವಾಗ ಗಾಜಿನ ಮೇಲೆ ಇರುವುದು ಹದಿನಾಲ್ಕು ನ್ಯಾನೋಮೀಟರ್. ಅಂಕಿ ಸ್ಥಿರವಾಗಿರುತ್ತದೆ, ಕೆಂಪು ದೀಪ ಹತ್ತುವುದಿಲ್ಲ, ಮಶೀನಿನ ಮುಖದಲ್ಲಿ ನಾಚಿಕೆಯೂ ಕಾಣುವುದಿಲ್ಲ.

ಇಲ್ಲಿಗೆ ಬಂದೆವಲ್ಲ, ನನ್ನನ್ನು ಕೇಳಬೇಕಾದ ಪ್ರಶ್ನೆ ಇದು: ‘ತಪ್ಪಾಗ್ಯಾದ ಅಂತ ನಿಮಗ ಹ್ಯಾಂಗ ಗೊತ್ತಾಗ್ತದ?’ ಸಂಬಂಧದ ಪ್ರಶ್ನೆಗೆ ಒಂದು ಸಾಲು ಸಾಕು. ಇದಕ್ಕೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಇದುವರೆಗೆ ಮದುವೆ ಪಂಕ್ತಿಯಲ್ಲಿ ಯಾರೂ ಕೇಳಿಲ್ಲ.

ಚಿನ್ನದ ವಿಷಯದಲ್ಲಿ ಹೀಗೆ. ಸ್ಲೈಡನ್ನು ಕಿಟಕಿಗೆ ಹಿಡಿಯಬೇಕು. ಹದಿನಾಲ್ಕು ನ್ಯಾನೋಮೀಟರಿನ ಚಿನ್ನದಲ್ಲಿ ಆಚೆಯ ಬೆಳಕು ಹಸಿರಾಗಿ ಕಾಣುತ್ತದೆ, ನೂರರದ್ದು ಹೆಚ್ಚುಕಡಿಮೆ ಕನ್ನಡಿ. ಇದು ಒರಟು ಪರೀಕ್ಷೆ. ಸರಿಯಾದ ಪರೀಕ್ಷೆಗೆ ಮೊದಲೇ ಗಾಜಿನ ಒಂದು ಅಂಚನ್ನು ಮುಚ್ಚಿಟ್ಟು, ಆಮೇಲೆ ಆ ಮೆಟ್ಟಿಲಿನ ಎತ್ತರವನ್ನು ಬೇರೆಯೇ ಉಪಕರಣದಿಂದ ಅಳೆಯಬೇಕು. ಬಿಲ್ಲೆ ನೂರು ಎಂದು, ಮೆಟ್ಟಿಲು ನೂರಿಪ್ಪತ್ತು ಎಂದರೆ ಬಿಲ್ಲೆಯೂ ಗಾಜೂ ಒಂದೇ ಜಾಗದಲ್ಲಿಲ್ಲ ಎಂದರ್ಥ. ಈ ವ್ಯತ್ಯಾಸ ಸರಿದೂಗಿಸಲು ಮಶೀನಿಗೆ ಕೊಡುವ ‘ಟೂಲಿಂಗ್ ಅಂಶ’ವನ್ನು 1.2ರಿಂದ ಗುಣಿಸಿಕೊಳ್ಳಬೇಕು. ಒಂದು ಅಳತೆಯ ತಪ್ಪನ್ನು ಅದೇ ಅಳತೆ ಹತ್ತು ಸಲ ಮಾಡಿ ಹಿಡಿಯಲು ಬರುವುದಿಲ್ಲ, ಬೇರೆ ದಾರಿಯಿಂದ ಬಂದ ಅಳತೆ ಬೇಕು.

ಇನ್ನು ಬ್ಯಾಂಡ್ ಗ್ಯಾಪ್, ಅಂದರೆ ಪದರ ಬೆಳಕನ್ನು ಹೀರಬೇಕಾದರೆ ಬೆಳಕಿನ ಕಣಕ್ಕೆ ಇರಬೇಕಾದ ಕನಿಷ್ಠ ಶಕ್ತಿ. ಸತು ಆಕ್ಸೈಡಿನ ಪದರಕ್ಕೆ ಅದು 3.3 ಎಲೆಕ್ಟ್ರಾನ್ ವೋಲ್ಟಿನ ಆಸುಪಾಸು. ಬೆಳಕಿನ ಹೀರಿಕೆಯನ್ನು ಅದರ ಶಕ್ತಿಗೆ ಎದುರಾಗಿ ‘ಟೌಕ್ ನಕ್ಷೆ’ಯಾಗಿ ಹಾಕಿ, ಏರುವ ಭಾಗಕ್ಕೆ ಒಂದು ನೇರ ಗೆರೆ ಎಳೆದು, ಅದು ಅಡ್ಡ ಅಕ್ಷಕ್ಕೆ ತಾಕುವಲ್ಲಿ ಓದಬೇಕು. ಆ ಭಾಗ ಎಲ್ಲಿಂದ ಎಲ್ಲಿಯವರೆಗೆ ‘ನೇರ’? ಅದನ್ನು ಗೆರೆ ಎಳೆಯುವವನೇ ತೀರ್ಮಾನಿಸುತ್ತಾನೆ. ಗೆರೆ ಸ್ವಲ್ಪ ಸರಿದರೆ ಮೊದಲ ದಶಮಾಂಶವೇ ಬದಲಾಗುತ್ತದೆ. ಆದರೂ ಪ್ರಬಂಧದಲ್ಲಿ ನಾಲ್ಕು ದಶಮಾಂಶ ಬರೆಯುತ್ತಾರೆ. ಪರಮಾಣು ಬಲ ಸೂಕ್ಷ್ಮದರ್ಶಕದ ಒರಟುತನದ ಅಂಕಿಯೂ ಹೀಗೆಯೇ. ಒಂದು ಮೈಕ್ರಾನ್ ಚೌಕ ನೋಡಿದಿರೋ ಹತ್ತು ಮೈಕ್ರಾನೋ ಹೇಳದಿದ್ದರೆ ಆ ಅಂಕಿಗೆ ಬೆಲೆ ಇಲ್ಲ. ವಿಜ್ಞಾನದಲ್ಲಿ ಓದು ಇಲ್ಲ, ಬರೀ ಅಳತೆ ಎನ್ನುವವರು ಈ ಗೆರೆಯನ್ನು ಒಮ್ಮೆ ಎಳೆದು ನೋಡಲಿ.

ಈಗ ಎರಡನೆಯ ಸುಳ್ಳು. ಕಲಬುರಗಿಯಿಂದ ಸೇಡಂ ರಸ್ತೆಯಲ್ಲಿ ಮಳಖೇಡ ಸಿಗುತ್ತದೆ. ಕಾಗಿಣಾ ದಂಡೆಯ ಕೋಟೆ, ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಕನ್ನಡದಲ್ಲಿ ನಮಗೆ ಉಳಿದಿರುವ ಅತ್ಯಂತ ಹಳೆಯ ಗ್ರಂಥ. ಅದು ಕತೆ ಹೇಳುವ ಕಾವ್ಯವಲ್ಲ, ಕಾವ್ಯ ಹೇಗಿರಬೇಕು, ಹೇಗಿರಬಾರದು ಎಂದು ಹೇಳುವ ಗ್ರಂಥ. ಮೂರು ಪರಿಚ್ಛೇದಗಳಲ್ಲಿ ಎರಡನೆಯದು ಶಬ್ದಾಲಂಕಾರಕ್ಕೆ, ಮೂರನೆಯದು ಅರ್ಥಾಲಂಕಾರಕ್ಕೆ. ಮೊದಲನೆಯದು? ದೋಷಗಳಿಗೆ. ಇದೇ ಜಿಲ್ಲೆಯಲ್ಲಿ ಕೂತು ವಿಮರ್ಶೆ ಎಂದರೆ ಮನಸ್ಸಿಗೆ ಬಂದದ್ದು ಬರೆಯುವುದು ಎನ್ನುತ್ತಾರೆ.

ರಾಜ್ಯೋತ್ಸವದಲ್ಲಿ ಎಲ್ಲರ ಬಾಯಲ್ಲೂ ಬರುವ ಪದ್ಯವನ್ನೇ ತೆಗೆದುಕೊಳ್ಳಿ:

ಕಾವೇರಿಯಿಂದಮಾ ಗೋ
ದಾವರಿವರಮಿರ್ದ ನಾಡದಾ ಕನ್ನಡದೊಳ್
ಭಾವಿಸಿದ ಜನಪದಂ ವಸು
ಧಾವಲಯವಿಲೀನವಿಶದವಿಷಯವಿಶೇಷಂ

ಇದು ಕಂದಪದ್ಯ. ಒಂದು, ಮೂರನೆಯ ಸಾಲಿಗೆ ನಾಲ್ಕು ಮಾತ್ರೆಯ ಮೂರು ಗಣ, ಎರಡು, ನಾಲ್ಕನೆಯದಕ್ಕೆ ಐದು ಗಣ. ಅಂದರೆ 12, 20, 12, 20. ಎಲ್ಲ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನ, ಇಲ್ಲಿ ‘ವ’. ಪ್ರತಿ ಅರ್ಧದ ಆರನೆಯ ಗಣ ಲಘು-ಗುರು-ಲಘು ಆಗಿರಬೇಕು ಅಥವಾ ನಾಲ್ಕೂ ಲಘು. ನೋಡಿ: ಮೊದಲರ್ಧದಲ್ಲಿ ‘ರ್ದ ನಾಡ’, ಎರಡನೆಯದರಲ್ಲಿ ‘ನವಿಶದ’. ಸರಿಯಾಗಿದೆ.

ಭಾಷಣಕಾರರು ‘ಕಾವೇರಿಯಿಂದ ಗೋದಾವರಿವರೆಗಿರ್ದ’ ಅಂತ ಹೇಳಿಬಿಡುತ್ತಾರೆ. ಮೊದಲ ಸಾಲು ಹತ್ತು ಮಾತ್ರೆಗೆ ಇಳಿಯಿತು. ತಪ್ಪು ಹಿಡಿಯಲು ಯಾವ ಓಲೆಗರಿಯೂ ಬೇಕಾಗಲಿಲ್ಲ. ಹಳೆಯ ಗರಿಗಳಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ, ಎ-ಏ, ಒ-ಓ ಗಳಿಗೆ ಬೇರೆ ಬೇರೆ ಗುರುತೂ ಇರಲಿಲ್ಲ. ಸಾಲಿನ ಕೊನೆಯ ಅಕ್ಷರ ‘ಗೊ’ ಎಂದು ಓದಿದರೆ ಹನ್ನೊಂದೇ ಮಾತ್ರೆ, ಆದ್ದರಿಂದ ಅದು ‘ಗೋ’. ಆದರೆ ‘ಕನ್ನಡದೊಳ್’ ಎಂಬಲ್ಲಿ ದೊಳ್ ಇದ್ದರೂ ದೋಳ್ ಇದ್ದರೂ ಗುರುವೇ, ಅಲ್ಲಿ ಛಂದಸ್ಸಿನ ಸಾಕ್ಷಿ ಸಿಗುವುದಿಲ್ಲ, ವ್ಯಾಕರಣವನ್ನು ಕೇಳಬೇಕು.

ಇನ್ನೂ ಕೆಟ್ಟ ಪ್ರಸಂಗ: ನಕಲು ಮಾಡುವವನ ಕಣ್ಣು ಜಾರಿ ‘ವಿಲೀನವಿಷಯವಿಶದವಿಶೇಷಂ’ ಎಂದು ಬರೆದ ಎಂದಿಟ್ಟುಕೊಳ್ಳಿ. ಎಣಿಸಿ. ಇಪ್ಪತ್ತೇ ಮಾತ್ರೆ. ಆರನೆಯ ಗಣ ‘ನವಿಷಯ’, ನಾಲ್ಕೂ ಲಘು. ಪ್ರಾಸಕ್ಕೆ ಏನೂ ಆಗಿಲ್ಲ. ಛಂದಸ್ಸು ತುಟಿ ಬಿಚ್ಚುವುದಿಲ್ಲ. ವಿಷಯ ಎಂದರೆ ರಾಷ್ಟ್ರಕೂಟರ ಕಾಲದಲ್ಲಿ ನಾಡಿನ ಒಂದು ವಿಭಾಗ, ಇಲ್ಲಿ ‘ವಿಶದ’ (ಸ್ಪಷ್ಟ) ಆಗಬೇಕಾದದ್ದು ಆ ನಾಡು ಎಂದು ತಿಳಿದವನಿಗೆ ಮಾತ್ರ ಸಾಲು ಅಡ್ಡ ಬಿದ್ದದ್ದು ಕಾಣುತ್ತದೆ. ಮತ್ತೆ ಅದೇ ಮಾತು: ಬೇರೆ ದಾರಿಯಿಂದ ಬಂದ ಅಳತೆ.

ತಡೀರಿ, ‘ನೋಡ್ರಿ ಸರ, ಸಂಬಂಧ ಸಿಕ್ತಲ್ಲ’ ಅನ್ನಬೇಡಿ. ಪದರ ಕೆಟ್ಟರೆ ಗಾಜು ಎಸೆದು ನಾಳೆ ಇನ್ನೊಂದು ಹಾಕಬಹುದು. ಗೆದ್ದಲು ತಿಂದ ಗರಿಯನ್ನು ಯಾರೂ ಮತ್ತೆ ಹಾಕಿಕೊಡುವುದಿಲ್ಲ. ಕವಿರಾಜಮಾರ್ಗ ಹೆಸರಿಸುವ ವಿಮಳ, ಉದಯ, ನಾಗಾರ್ಜುನ, ದುರ್ವಿನೀತ ಇವರ ಕನ್ನಡ ಬರಹ ನಮಗೆ ಸಿಕ್ಕಿಲ್ಲ, ಎಷ್ಟು ಅನುದಾನ ಬಂದರೂ ಮರುಪ್ರಯೋಗ ಇಲ್ಲ. ಪದ್ಯ ‘ಚೆನ್ನಾಗಿದೆ’ ಎನ್ನುವುದಕ್ಕಂತೂ ಮೆಟ್ಟಿಲಿನ ಎತ್ತರವೂ ಇಲ್ಲ, ಮಾತ್ರೆಯ ಲೆಕ್ಕವೂ ಇಲ್ಲ. ಅಲ್ಲಿ ವಿಮರ್ಶಕ ಮಾಡಬಹುದಾದದ್ದು ಒಂದೇ, ಯಾವ ಸಾಲನ್ನು ನಂಬಿ ಹಾಗೆ ಹೇಳಿದೆ ಎಂದು ಆ ಸಾಲನ್ನು ಓದುಗನ ಮುಂದೆ ಇಡುವುದು, ಅವನು ಅದೇ ಸಾಲಿನಿಂದ ತನ್ನನ್ನು ಸೋಲಿಸಲು ಬರುವಂತೆ.

ಈಗ ಬರುವ ವಿಮರ್ಶೆಗಳಲ್ಲಿ ಆ ಸಾಲೇ ಇರುವುದಿಲ್ಲ. ಬೀದರದಿಂದ ಯಾದಗಿರಿಯವರೆಗೆ ಯಾರೇ ಕಥಾಸಂಕಲನ ತರಲಿ, ‘ಕಲ್ಯಾಣ ಕರ್ನಾಟಕದ ಮಣ್ಣಿನ ಸೊಗಡು’. 2019ಕ್ಕೆ ಮುಂಚೆ ‘ಹೈದರಾಬಾದ್ ಕರ್ನಾಟಕದ ಮಣ್ಣಿನ ಸೊಗಡು’ ಇತ್ತು, ಸರ್ಕಾರ ಹೆಸರು ಬದಲಿಸಿತು, ವಿಮರ್ಶಕ ಮಣ್ಣು ಬದಲಿಸಲಿಲ್ಲ. ಪುಸ್ತಕದ ಹೆಸರು ತೆಗೆದು ಬೇರೆ ಪುಸ್ತಕದ ಹೆಸರು ಹಾಕಿದರೂ ಆ ವಿಮರ್ಶೆ ನಡೆಯುತ್ತದೆ. ಯಾವ ಸ್ಯಾಂಪಲ್ ಇಟ್ಟರೂ ಮುಳ್ಳು ಒಂದೇ ಅಂಕಿ ತೋರಿಸಿದರೆ ಲ್ಯಾಬಿನಲ್ಲಿ ಆ ಮೀಟರನ್ನು ರಿಪೇರಿಗೆ ಕಳಿಸುತ್ತಾರೆ. ನಮ್ಮಲ್ಲಿ ಶಾಲು ಹೊದಿಸುತ್ತಾರೆ.

ಆದ್ದರಿಂದ ಇನ್ನು ಮುಂದೆ ಸಂಬಂಧ ಕೇಳುವವರಿಗೆ ಈ ಬರಹ ತೋರಿಸಿಬಿಡುತ್ತೇನೆ. ನಕ್ಷೆ ತಂದು ‘ಗ್ಯಾಪ್ ಸರಿ ಅದ ನೋಡ್ರಿ’ ಎನ್ನುವ ಹುಡುಗರು ಎಳೆದ ಗೆರೆ ಬಿಟ್ಟು ಮೂಲ ಅಂಕಿಗಳನ್ನು ತರಲಿ, ಪದರದ ದಪ್ಪ ಹೇಗೆ ಅಳೆದರು ಎನ್ನುವುದನ್ನೂ ಬರೆದು ತರಲಿ. ‘ಮುನ್ನುಡಿ ಬರದು ಕೊಡ್ರಿ, ನಾಳಿಗೇ ಪ್ರೆಸ್ಸಿಗಿ ಹೋಗ್ತದ’ ಎನ್ನುವವರಿಗೆ ಬೇರೆ ಉತ್ತರ ಇದೆ, ಅದನ್ನು ಮುಖಾಮುಖಿಯೇ ಹೇಳುತ್ತೇನೆ.