ರಕ್ತ ಬಿಡಿ, ಭುಜ ನೋಡಿ: ಹೊಕುತೊ ಮತ್ತು ಕಂದೊರಿ, 1993

ಜಪಾನಿನ ಮಹಿಳಾ ಪ್ರೊ ರೆಸ್ಲಿಂಗ್‌ಗೆ ಅಭಿಮಾನಿಗಳು ಇಟ್ಟುಕೊಂಡಿರುವ ಹೆಸರು ಜೋಶಿ. ಜೋಶಿ ನೋಡುವವರ ನಡುವೆ ಅಕಿರಾ ಹೊಕುತೊ ಮತ್ತು ಶಿನೊಬು ಕಂದೊರಿಯ ಪಂದ್ಯದ ಮಾತು ಬಂತೆಂದರೆ ಯಾರಾದರೂ ಒಂದು ಫೋಟೊ ತೆಗೆದು ತೋರಿಸುತ್ತಾರೆ. ಬಣ್ಣ ಹಾಕಿಸಿದ ಹೊಂಗೂದಲು ರಕ್ತದಲ್ಲಿ ತೊಯ್ದು ಕೆಂಪಾಗಿ ಮುಖಕ್ಕೆ ಅಂಟಿರುವ ಹೊಕುತೊ. ಫೋಟೊ ಸುಳ್ಳಲ್ಲ. ಆದರೆ ಹಣೆಯ ಚರ್ಮ ತೆಳು, ಅಲ್ಲಿ ರಕ್ತನಾಳಗಳು ದಟ್ಟ. ಸಣ್ಣ ಗಾಯವಾದರೂ ಬೆವರಿನ ಜೊತೆ ಸೇರಿ ಮುಖವೆಲ್ಲ ಹರಡಿಕೊಳ್ಳುತ್ತದೆ. ರಕ್ತ ಸುರಿದ ಪಂದ್ಯಗಳು ಬೇಕಾದಷ್ಟಿವೆ, ಅವುಗಳಲ್ಲಿ ಬಹುಪಾಲು ಬೇಜಾರು ಹುಟ್ಟಿಸುವಂಥವೇ. ಈ ಪಂದ್ಯ ನಿಂತಿರುವುದು ಹೊಕುತೊಳ ಭುಜದ ಮೇಲೆ, ಆಕೆಯ ಕುತ್ತಿಗೆಯ ಮೇಲೆ, ಮೊದಲಿಗೊಂದು ಕೊನೆಗೊಂದು ಬೀಳುವ ಗುದ್ದಿನ ಮೇಲೆ.

ದಿನಾಂಕ 1993ರ ಏಪ್ರಿಲ್ 2, ಜಾಗ ಯೊಕೊಹಾಮಾ ಅರೀನಾ. 1968ರಲ್ಲಿ ಮತ್ಸುನಾಗ ಸಹೋದರರು ಕಟ್ಟಿದ ಆಲ್ ಜಪಾನ್ ವಿಮೆನ್ಸ್ ಸಂಸ್ಥೆಗೆ, ಅಂದರೆ ಅಭಿಮಾನಿಗಳ ಬಾಯಲ್ಲಿ ಝೆಂಜೊಗೆ, ಇಪ್ಪತ್ತೈದು ತುಂಬಿದ ಸಂಭ್ರಮದ ಡ್ರೀಮ್ ಸ್ಲ್ಯಾಮ್ ಕಾರ್ಯಕ್ರಮ. ಅಲ್ಲಿಯವರೆಗೆ ಒಬ್ಬರ ಮುಖ ಒಬ್ಬರು ನೋಡದೆ ಇದ್ದ ಸಂಸ್ಥೆಗಳು 1992ರಿಂದ ಒಂದೇ ರಿಂಗಿಗೆ ಬರತೊಡಗಿದ್ದವು. ಝೆಂಜೊ, ಜೆಡಬ್ಲ್ಯುಪಿ, ಎಲ್‌ಎಲ್‌ಪಿಡಬ್ಲ್ಯು, ಎಫ್‌ಎಂಡಬ್ಲ್ಯು ನಾಲ್ಕೂ ಕಡೆಯ ಹುಡುಗಿಯರು ಆ ರಾತ್ರಿ ಇದ್ದರು. ಹೊಕುತೊ ಝೆಂಜೊದ ಮನೆಮಗಳು. ಕಂದೊರಿ ಎಲ್‌ಎಲ್‌ಪಿಡಬ್ಲ್ಯುನಿಂದ ಬಂದವಳು.

ಕಂದೊರಿ ಯಾರೆಂದು ತಿಳಿಯದೆ ಮೊದಲ ಎರಡು ನಿಮಿಷ ಅರ್ಥವಾಗುವುದಿಲ್ಲ. ಆಕೆ 1984ರ ವಿಶ್ವ ಜೂಡೊ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದವಳು. 1986ರಲ್ಲಿ ಜೆಡಬ್ಲ್ಯುಪಿ ಮೂಲಕ ರಿಂಗಿಗಿಳಿದಳು. ಮರುವರ್ಷ ಹಿರಿಯ ತಾರೆ ಜಾಕಿ ಸಾಟೊ ಜೊತೆಗಿನ ಪಂದ್ಯ ಮೊದಲೇ ಒಪ್ಪಿಕೊಂಡ ಆಟದ ಗಡಿ ದಾಟಿ ನಿಜವಾದ ಹೊಡೆದಾಟಕ್ಕೆ ತಿರುಗಿತು. ಅಲ್ಲಿಂದ ಮುಂದೆ ಆಕೆಯ ಎದುರು ನಿಂತವರನ್ನೆಲ್ಲ ಪ್ರೇಕ್ಷಕರು ಒಂದು ಬಗೆಯ ಆತಂಕದಿಂದಲೇ ನೋಡುತ್ತಿದ್ದರು. ಆಕೆಗೆ ಅಂಟಿದ ಬಿರುದು ‘ಮಿಸ್ಟರ್ ಮಹಿಳಾ ಪ್ರೊ ರೆಸ್ಲಿಂಗ್’. ಹೊಕುತೊ ಇದಕ್ಕೆ ತದ್ವಿರುದ್ಧ. 1985ರಲ್ಲಿ ಝೆಂಜೊದಲ್ಲೇ ಕಣ್ಣುಬಿಟ್ಟವಳು, ‘ಡೇಂಜರಸ್ ಕ್ವೀನ್’ ಎಂದು ಹೆಸರಾದವಳು. ಅಪಾಯ ಎದುರಾಳಿಗಿಂತ ಆಕೆಯ ಮೈಗೇ ಹೆಚ್ಚಿತ್ತು ಅನ್ನುವುದು ಬೇರೆ ಮಾತು. ಆ ಸಂಸ್ಥೆಯಲ್ಲಿ ಇಪ್ಪತ್ತೈದಕ್ಕೆ ನಿವೃತ್ತಿ ಅನ್ನುವ ರೂಢಿ ಬಹುಕಾಲ ನಡೆದುಬಂದಿತ್ತು. ಆ ರಾತ್ರಿ ಹೊಕುತೊಳ ವಯಸ್ಸು ಸರಿಯಾಗಿ ಇಪ್ಪತ್ತೈದು.

ಗಂಟೆ ಬಾರಿಸುತ್ತದೆ. ಸಾಮಾನ್ಯವಾಗಿ ಜೋಶಿ ಪಂದ್ಯ ಓಟದಿಂದ ಶುರುವಾಗುತ್ತದೆ: ಹಾರಿ ಎರಡೂ ಕಾಲಿನಿಂದ ಒದೆಯುವ ಡ್ರಾಪ್‌ಕಿಕ್, ಕೂದಲು ಹಿಡಿದು ಎಸೆತ, ಹಗ್ಗದಿಂದ ಹಗ್ಗಕ್ಕೆ ಓಟ. ಇಲ್ಲಿ ಹೊಕುತೊ ಹೋಗಿ ಮುಷ್ಟಿಯಿಂದ ಗುದ್ದುತ್ತಾಳೆ, ಕಂದೊರಿ ಬೀಳುತ್ತಾಳೆ. ಈ ಗುದ್ದನ್ನು ನೆನಪಿಟ್ಟುಕೊಂಡಿರಿ. ಮುಚ್ಚಿದ ಮುಷ್ಟಿ ಪ್ರೊ ರೆಸ್ಲಿಂಗ್‌ನಲ್ಲಿ ಹೆಸರಿಗಾದರೂ ಫೌಲ್. ಜೂಡೊ ಸ್ಪರ್ಧೆಯಲ್ಲಿ ಹೊಡೆತವೇ ನಿಷಿದ್ಧ. ಅಂದರೆ ಇಬ್ಬರೂ ಕಲಿತ ಪಾಠದಲ್ಲಿ ಇಲ್ಲದ ಒಂದು ಹೊಡೆತದಿಂದ ಪಂದ್ಯ ತೆರೆದುಕೊಳ್ಳುತ್ತದೆ.

ಕಂದೊರಿಯ ಉತ್ತರ ವಾಕಿಗತಮೆ, ಕಂಕುಳಿನಿಂದ ಹಾಕುವ ತೋಳುಪಟ್ಟು. ಎದುರಾಳಿಯ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ತೋಳನ್ನು ನೇರ ಮಾಡಿ, ಮೊಣಕೈಯ ಮೇಲ್ಭಾಗಕ್ಕೆ ನಿಮ್ಮ ಕಂಕುಳನ್ನು ಒತ್ತಿ ಮೈಭಾರ ಬಿಡುವುದು. ಎರಡು ಕೈಯ ಶಕ್ತಿ ಮತ್ತು ಇಡೀ ಮೈತೂಕ ಒಂದು ಕೀಲಿನ ಮೇಲೆ ಬೀಳುತ್ತದೆ. ಮೊಣಕೈ ಮೊದಲು ಬಾಗುತ್ತದೆ, ಅದು ತಡೆದುಕೊಂಡರೆ ಭುಜ. ಜೂಡೊದಲ್ಲಿ ಈ ಪಟ್ಟಿಗೆ ಅನುಮತಿ ಇದೆ, ಆದರೆ ಪಟ್ಟು ಹಾಕುತ್ತಲೇ ಧೊಪ್ಪನೆ ನೆಲಕ್ಕೆ ಬಿದ್ದರೆ ನೇರ ಅನರ್ಹತೆ. ಕಾರಣ ಸರಳ: ನಿಂತಲ್ಲೇ ಹಾಕಿದರೆ ಎದುರಾಳಿಗೆ ಸೋಲೊಪ್ಪಲು ಅರ್ಧ ಸೆಕೆಂಡ್ ಸಿಗುತ್ತದೆ, ಬಿದ್ದುಬಿಟ್ಟರೆ ಅಷ್ಟೂ ಸಿಗುವುದಿಲ್ಲ. ಇದು ಗೊತ್ತಿದ್ದು ನೋಡಿದರೆ ಹೊಕುತೊಳ ಚೀತ್ಕಾರ ಬೇರೆಯೇ ಕೇಳಿಸುತ್ತದೆ. ಪ್ರೊ ರೆಸ್ಲಿಂಗ್‌ನಲ್ಲಿ ತೋಳುಪಟ್ಟು ಬಹಳ ಸಲ ಉಸಿರು ತೆಗೆದುಕೊಳ್ಳುವ ಜಾಗ. ಕೈ ಹಿಡಿದುಕೊಂಡು ಇಬ್ಬರೂ ಒಂದು ನಿಮಿಷ ಸುಧಾರಿಸಿಕೊಳ್ಳುತ್ತಾರೆ. ಕಂದೊರಿಯ ಕೈಯಲ್ಲಿ ಅದು ಮುರಿಯುವ ಪಟ್ಟಾಗಿ ಕಾಣುತ್ತದೆ. ಯೊಕೊಹಾಮಾದ ಜನಕ್ಕೆ ಆ ಭಯ ಹುಟ್ಟಿಸಲು ಆಕೆಗೆ ಎರಡೇ ನಿಮಿಷ ಸಾಕಾಯಿತು.

ಇಲ್ಲಿಂದ ಮುಂದೆ ನೋಡಬೇಕಾದ್ದು ಹೊಕುತೊಳ ಆ ಕೈ. ರೆಸ್ಲಿಂಗ್‌ನಲ್ಲಿ ಏಟು ತಿಂದದ್ದನ್ನು ಮೈಯಲ್ಲಿ ಉಳಿಸಿಕೊಳ್ಳುವುದಕ್ಕೆ ಸೆಲ್ಲಿಂಗ್ ಎನ್ನುತ್ತಾರೆ. ಮಾಡುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ. ಏಟು ಬಿದ್ದ ಕ್ಷಣ ಚೆನ್ನಾಗಿ ನರಳುತ್ತಾರೆ, ಹತ್ತು ನಿಮಿಷದ ನಂತರ ತಮ್ಮ ದೊಡ್ಡ ಪಟ್ಟು ಹಾಕುವ ಸರದಿ ಬಂದಾಗ ಅದೇ ಕೈಯಲ್ಲಿ ಆರಾಮಾಗಿ ಎತ್ತಿಬಿಡುತ್ತಾರೆ. ಜನ ಬಾಯಿಬಿಟ್ಟು ಹೇಳದಿದ್ದರೂ ನಂಬಿಕೆ ಅಲ್ಲಿ ಸೋರಿಹೋಗುತ್ತದೆ. ಝೆಂಜೊ ಶೈಲಿಯ ದೊಡ್ಡ ದೋಷವೂ ಇದೇ. ವೇಗಕ್ಕೆ ಎಲ್ಲವನ್ನೂ ಬಲಿಕೊಟ್ಟು, ಕಾಲು ಮುರಿದಂತೆ ಕುಂಟುತ್ತಿದ್ದವಳು ಮರುಕ್ಷಣ ಮೇಲಿನ ಹಗ್ಗದಿಂದ ಹಾರುತ್ತಾಳೆ. ಝೆಂಜೊದ ಇನ್ನೊಬ್ಬ ತಾರೆ ಮನಾಮಿ ತೊಯೊತಾಳ ಅಭಿಮಾನಿಗಳು ಜಗಳಕ್ಕೆ ಬರಬಹುದು, ಬರಲಿ. 1995ರ ಮೇ 7ರಂದು ಟೋಕಿಯೊದ ಕೊರಾಕುಯೆನ್ ಹಾಲ್‌ನಲ್ಲಿ ತೊಯೊತಾ ಮತ್ತು ಕ್ಯೊಕೊ ಇನೊವೆ ಅರವತ್ತು ನಿಮಿಷ ಆಡಿ ಡ್ರಾ ಮಾಡಿಕೊಂಡ ಪಂದ್ಯ ದೇಹಶಕ್ತಿಯ ಪವಾಡವೇ ಸರಿ. ಆದರೆ ನೋವಿನ ಲೆಕ್ಕ ಇಟ್ಟುಕೊಂಡು ಹೋಗುವುದರಲ್ಲಿ ಹೊಕುತೊಗೆ ಸಾಟಿ ಕಡಿಮೆ. ಪ್ರತಿ ಸಲ ಎದ್ದು ನಿಲ್ಲುವಾಗ ಆಕೆ ನೆಲಕ್ಕೆ ಊರುವುದು ಯಾವ ಕೈ, ಎತ್ತಲು ಮೊದಲು ಮುಂದೆ ಹೋಗುವುದು ಯಾವ ಕೈ ಎಂದು ಗಮನಿಸಿ. ಒಂದು ಸಲ ಪೂರ್ತಿ ಪಂದ್ಯವನ್ನು ಇದೊಂದನ್ನೇ ಹಿಡಿದು ನೋಡಬಹುದು.

ಆಮೇಲೆ ಬರುವುದು ಫೋಟೊಗೆ ಕಾರಣವಾದ ಘಳಿಗೆ. ಇಬ್ಬರೂ ರಿಂಗಿನಿಂದ ಹೊರಗೆ ಬಂದಾಗ ಕಂದೊರಿ ಹೊಕುತೊಳನ್ನು ಮೇಜಿನ ಮೇಲೆ ಟೂಂಬ್‌ಸ್ಟೋನ್ ಪೈಲ್‌ಡ್ರೈವರ್‌ನಿಂದ ಕುಕ್ಕುತ್ತಾಳೆ. ಎದುರಾಳಿಯನ್ನು ತಲೆಕೆಳಗಾಗಿ ಹೊಟ್ಟೆಗೆ ಹೊಟ್ಟೆ ತಾಗುವಂತೆ ಹಿಡಿದು, ತಲೆಯನ್ನು ತೊಡೆಗಳ ನಡುವೆ ಸಿಕ್ಕಿಸಿ, ಮೊಣಕಾಲೂರಿ ಕೂರುವುದು. ಸರಿಯಾಗಿ ಮಾಡಿದರೆ ಇದು ನೋಡಲು ಭೀಕರ, ತಿನ್ನಲು ಅಷ್ಟಲ್ಲ. ತಲೆ ಮೊಣಕಾಲಿನ ಮಟ್ಟಕ್ಕಿಂತ ಮೇಲೆ ಇರಬೇಕು, ಆಗ ಪೆಟ್ಟನ್ನೆಲ್ಲ ಮೊಣಕಾಲು ತಿನ್ನುತ್ತದೆ. ಕೆಳಗಿರುವವಳು ಎದುರಾಳಿಯ ತೊಡೆಯನ್ನೋ ಸೊಂಟವನ್ನೋ ಗಟ್ಟಿಯಾಗಿ ತಬ್ಬಿಕೊಂಡು ತನ್ನನ್ನು ತಾನೇ ಮೇಲಕ್ಕೆ ಎಳೆದುಕೊಂಡಿರಬೇಕು. ಬೆವರಿಗೆ ಹಿಡಿತ ನಾಲ್ಕು ಬೆರಳು ಜಾರಿದರೂ ಸಾಕು, ತಲೆ ಮೊಣಕಾಲಿಗಿಂತ ಕೆಳಗಿಳಿದು ಇಬ್ಬರ ಭಾರವೂ ಕುತ್ತಿಗೆಗೆ. ರಿಂಗಿನ ನೆಲದಲ್ಲಾದರೆ ಹಲಗೆ ಬಾಗುತ್ತದೆ, ಒಂದಷ್ಟು ಪೆಟ್ಟನ್ನು ಹೀರಿಕೊಳ್ಳುತ್ತದೆ. ಮೇಜು ಹಾಗಲ್ಲ, ಮೇಲಾಗಿ ಎರಡು ಮೊಣಕಾಲೂ ಒಟ್ಟಿಗೆ ಸಮವಾಗಿ ಇಳಿಯಲು ಅಲ್ಲಿ ಜಾಗ ಕಡಿಮೆ.

ಇದಿಷ್ಟೇ ಆಗಿದ್ದರೆ ಇನ್ನೊಂದು ಕ್ರೂರ ಪಟ್ಟು ಅಂತ ಬಿಡಬಹುದಿತ್ತು. ಆದರೆ ಹೊಕುತೊಳ ಚರಿತ್ರೆ ಗೊತ್ತಿದ್ದವರಿಗೆ ಇದು ಆಯ್ದು ತಂದ ಪಟ್ಟು. 1987ರ ಏಪ್ರಿಲ್‌ನಲ್ಲಿ, ಆಕೆ ಇನ್ನೂ ಹಿಸಾಕೊ ಉನೊ ಹೆಸರಿನಲ್ಲೇ ಆಡುತ್ತಿದ್ದಾಗ, ಯುಮಿಕೊ ಹೊತ್ತಾ ಜೊತೆ ಟ್ಯಾಗ್ (ಜೋಡಿ ಆಟದ) ಪ್ರಶಸ್ತಿ ಉಳಿಸಿಕೊಳ್ಳಲು ಇಳಿದ ಪಂದ್ಯದಲ್ಲಿ ಎರಡನೇ ಹಗ್ಗದ ಮೇಲಿನಿಂದ ಇದೇ ಟೂಂಬ್‌ಸ್ಟೋನ್ ಬಿದ್ದು ಆಕೆಯ ಕುತ್ತಿಗೆಯ ಮೂಳೆ ಮುರಿದಿತ್ತು. ಎರಡೂ ಕೈಯಲ್ಲಿ ತಲೆಯನ್ನು ಆನಿಸಿ ಹಿಡಿದುಕೊಂಡೇ ಆಕೆ ಆ ಪಂದ್ಯ ಮುಗಿಸಿದ್ದಳು. ಆರು ವರ್ಷದ ನಂತರ ಯೊಕೊಹಾಮಾದಲ್ಲಿ ತಲೆಕೆಳಗಾಗಿ ಮೇಲೆದ್ದ ಆ ಕಾಲುಗಳನ್ನು ಕಂಡಾಗ ಹಳೆಯ ಅಭಿಮಾನಿಗಳಿಗೆ ನೆನಪಾದದ್ದು ಅದೇ ಇರಬೇಕು. ರಕ್ತ ಆಮೇಲಿನ ಮಾತು.

ನಡುವಿನ ಹತ್ತು ನಿಮಿಷಗಳನ್ನು ಬಹಳ ಜನ ಓಡಿಸಿ ನೋಡುತ್ತಾರೆ. ಅದು ತಪ್ಪು. ಕಂದೊರಿ ಅಲ್ಲಿ ಆತುರವಿಲ್ಲದೆ ನೆಲಕ್ಕೆಳೆದು ಒಂದೊಂದೇ ಕೀಲನ್ನು ಹುಡುಕುತ್ತಾಳೆ, ಬ್ಯಾಂಡೇಜು ಸುತ್ತಿದ ಹೊಕುತೊಳ ಮೊಣಕಾಲೂ ಲೆಕ್ಕಕ್ಕೆ ಬರುತ್ತದೆ. ಇಬ್ಬರೂ ಬೀಳುವ ರೀತಿಯಲ್ಲೇ ಎರಡು ಬೇರೆ ಗರಡಿಗಳು ಕಾಣುತ್ತವೆ. ಜೂಡೊದವರು ಪಕ್ಕಕ್ಕೆ ಹೊರಳಿ, ಒಂದು ತೋಳಿನಿಂದ ನೆಲಕ್ಕೆ ಬಡಿದು ಬೀಳಲು ಕಲಿಯುತ್ತಾರೆ. ಪ್ರೊ ರೆಸ್ಲಿಂಗ್‌ನವರು ಗದ್ದ ಎದೆಗೊತ್ತಿ, ಬೆನ್ನು ಪೂರ್ತಿ ಚಪ್ಪಟೆಯಾಗಿ, ಎರಡೂ ಅಂಗೈ ಬಡಿದು ಬೀಳುತ್ತಾರೆ. ಎರಡರ ಉದ್ದೇಶವೂ ಒಂದೇ, ಪೆಟ್ಟನ್ನು ಹರಡುವುದು. ಆದರೆ ಮೊದಲನೆಯದರಲ್ಲಿ ಬಿದ್ದವಳು ಆಗಲೇ ಏಳಲು ಅರ್ಧ ಸಿದ್ಧ, ಎರಡನೆಯದರಲ್ಲಿ ಬಿದ್ದದ್ದು ಸಭಾಂಗಣದ ಕೊನೆಯ ಸಾಲಿನವನಿಗೂ ಕೇಳಿಸಬೇಕು. ಸಣ್ಣ ಪುಟ್ಟ ಬೀಳುಗಳಲ್ಲಿ ಈ ವ್ಯತ್ಯಾಸ ಹೆಚ್ಚು ಸ್ಪಷ್ಟ.

ಒಂದು ಪ್ರಾಯೋಗಿಕ ಮಾತು. ಗಂಟೆಯಿಂದ ಗಂಟೆಗೆ ಪಂದ್ಯ 30 ನಿಮಿಷ 37 ಸೆಕೆಂಡ್. ನಿಮಗೆ ಸಿಕ್ಕ ವಿಡಿಯೊದಲ್ಲಿ ಆಟ ಅದಕ್ಕಿಂತ ಚಿಕ್ಕದಿದ್ದರೆ ಕತ್ತರಿಸಿದ್ದಾರೆ ಎಂದರ್ಥ, ಕತ್ತರಿ ಬೀಳುವುದು ಹೆಚ್ಚಾಗಿ ಈ ನಡುಭಾಗಕ್ಕೇ. ಪ್ರವೇಶದಿಂದಲೇ ನೋಡಿ. ಹೆಸರು ಕೂಗುವಾಗ ಅಭಿಮಾನಿಗಳು ಬಣ್ಣದ ಕಾಗದದ ಸುರುಳಿ ಎಸೆಯುವುದು ಜೋಶಿಯ ಸಂಪ್ರದಾಯ. ಅದಕ್ಕೂ ಶಿಸ್ತಿದೆ: ಮಧ್ಯದ ರಟ್ಟನ್ನು ತೆಗೆದಿರಬೇಕು, ಇಲ್ಲದಿದ್ದರೆ ತಾಗಿದವರಿಗೆ ಪೆಟ್ಟು. ತುದಿಯನ್ನು ಬೆರಳಲ್ಲಿ ಹಿಡಿದುಕೊಂಡು ಎತ್ತರಕ್ಕೆ ಎಸೆದರೆ ಗಾಳಿಯಲ್ಲೇ ಬಿಚ್ಚಿಕೊಳ್ಳುತ್ತದೆ, ನೇರ ಎಸೆದರೆ ಮುದ್ದೆಯಾಗಿ ಹೋಗಿ ಬೀಳುತ್ತದೆ. ಕಾಲಿಗೆ ಸಿಕ್ಕದಂತೆ ಅದನ್ನೆಲ್ಲ ಬಾಚಿ ತೆಗೆಯುವುದು ರಿಂಗಿನ ಸುತ್ತ ನಿಂತ ಕಿರಿಯ ಹುಡುಗಿಯರ ಕೆಲಸ.

ಕೊನೆಯ ಭಾಗದಲ್ಲಿ ಹೊಕುತೊ ತನ್ನ ನಾರ್ದರ್ನ್ ಲೈಟ್ಸ್ ಬಾಂಬ್‌ಗೆ ಕೈಹಾಕುತ್ತಾಳೆ. ಬಾಡಿಸ್ಲ್ಯಾಮ್‌ನಂತೆ ಒಂದು ಕೈ ಕಾಲುಗಳ ನಡುವೆ, ಇನ್ನೊಂದು ಕೈ ಕುತ್ತಿಗೆಯ ಬಳಿ ಹಾಕಿ ಎತ್ತುವುದು. ಬೆನ್ನಿಗೆ ಎಸೆಯುವ ಬದಲು ತಾನೂ ಪಕ್ಕಕ್ಕೆ ಬೀಳುವುದು. ಎದುರಾಳಿಯ ತಲೆ ಮತ್ತು ಭುಜ ಮೊದಲು ನೆಲ ಮುಟ್ಟುತ್ತವೆ. ಕಷ್ಟ ಇರುವುದು ಎತ್ತಿದ ಮೇಲೆ. ಬೀಳುವ ದಿಕ್ಕು ಒಂದಿಷ್ಟು ಮುಂದಕ್ಕೆ ಹೋದರೆ ಎದುರಾಳಿಯ ಬೆನ್ನು ತಾಗಿ ಪಟ್ಟು ಸಪ್ಪೆಯಾಗುತ್ತದೆ, ತೀರಾ ಒಳಕ್ಕೆ ಬಂದರೆ ಕುತ್ತಿಗೆಗೆ ಅಪಾಯ. ಎರಡೂ ತೋಳಿಗೆ ಸಮ ಕೆಲಸ ಇರುವ ಪಟ್ಟು ಇದು. ಒಂದು ಭುಜ ಹೋಗಿರುವವಳ ಪಾಲಿಗೆ ಇದು ಎಷ್ಟು ಕಷ್ಟ ಅನ್ನುವುದನ್ನು ಮೊದಲ ಎರಡು ನಿಮಿಷವೇ ಹೇಳಿಟ್ಟಿದೆ.

ಹಾಗಾಗಿ ಪಂದ್ಯ ಪಟ್ಟಿನಿಂದ ಮುಗಿಯುವುದಿಲ್ಲ. ಕೊನೆಗೆ ಇಬ್ಬರ ಹತ್ತಿರವೂ ಉಳಿಯುವುದು ಮುಷ್ಟಿ. ಕಾಲು ನಿಲ್ಲದ ಇಬ್ಬರು ಹೆಂಗಸರು ಎದುರುಬದುರು ನಿಂತು ಗುದ್ದಾಡುತ್ತಾರೆ, ಇಬ್ಬರೂ ಉರುಳುತ್ತಾರೆ, ಹೊಕುತೊ ಕಂದೊರಿಯ ಮೇಲೆ ಬೀಳುತ್ತಾಳೆ, ರೆಫ್ರಿ ಮೂರು ಎಣಿಸುತ್ತಾನೆ, ಗೆಲುವು ಹೊಕುತೊಳದು. ಇಷ್ಟೇ. ಜೂಡೊದ ಕಂಚಿನವಳಿಗೆ ಜೂಡೊ ಉಳಿದಿಲ್ಲ, ಡೇಂಜರಸ್ ಕ್ವೀನ್‌ಗೆ ಹಾರಾಟ ಉಳಿದಿಲ್ಲ. ಇಂಥ ಪಂದ್ಯಕ್ಕೆ ಇದು ಪೇಲವ ಮುಕ್ತಾಯ ಎಂದು ದೂರುವವರಿದ್ದಾರೆ, ದೊಡ್ಡ ಬಾಂಬ್ ಒಂದರಿಂದ ಮುಗಿಯಬೇಕಿತ್ತಂತೆ. ಅವರು ಮೊದಲ ಗುದ್ದನ್ನು ಮರೆತಿದ್ದಾರೆ. ಶುರುವಿನಲ್ಲಿ ಸೊಕ್ಕಿನಿಂದ ಎಸೆದದ್ದೇ ಅರ್ಧ ಗಂಟೆ ಕಳೆದು, ಬೇರೇನೂ ಉಳಿಯದೆ ಮತ್ತೆ ಕೈಗೆ ಬಂದಿದೆ.

ಪ್ರೊ ರೆಸ್ಲಿಂಗ್ ಅದನ್ನು ಪ್ರೀತಿಸುವವರಿಗೆ ಮಾತ್ರ ಒಲಿಯುತ್ತದೆ ಅನ್ನುವ ಅರ್ಥದಲ್ಲಿ ಹೊಕುತೊ ಕಂದೊರಿಗೆ ಆಡಿದ ಮಾತು ಜಪಾನಿನ ಅಭಿಮಾನಿಗಳಿಗೆ ಇಂದಿಗೂ ಕಂಠಪಾಠ. ಅಮೆರಿಕದ ರೆಸ್ಲಿಂಗ್ ಪತ್ರಕರ್ತ ಡೇವ್ ಮೆಲ್ಟ್ಜರ್ ತಮ್ಮ ಪತ್ರಿಕೆಯಲ್ಲಿ ಈ ಪಂದ್ಯಕ್ಕೆ ಐದಕ್ಕೆ ಐದು ನಕ್ಷತ್ರ ಕೊಟ್ಟರು.

ಅದೇ ವರ್ಷ ಡಿಸೆಂಬರ್ 6ರಂದು ಟೋಕಿಯೊದ ರ್‍ಯೊಗೊಕು ಕೊಕುಗಿಕಾನ್‌ನಲ್ಲಿ ಇಬ್ಬರೂ ಮತ್ತೆ ಎದುರಾದರು, ಈ ಸಲ ಗೆದ್ದದ್ದು ಕಂದೊರಿ. ಅದನ್ನು ನೋಡುವ ಮನಸ್ಸಿದ್ದರೆ ಇದನ್ನು ನೋಡಿದ ಮೇಲೆಯೇ ನೋಡಿ. ಏಪ್ರಿಲ್‌ನಲ್ಲಿ ಜೂಡೊದವಳಾಗಿ ರಿಂಗಿಗೆ ಹತ್ತಿದವಳು ಡಿಸೆಂಬರ್‌ನಲ್ಲಿ ಬೀಳುವ ರೀತಿಯನ್ನೊಮ್ಮೆ ಗಮನಿಸಿ.