ಕ್ಲಾರ್ಕ್ ಬೀದಿಯ ಎಪ್ಪತ್ತು ಖಾಲಿ ತೋಟಾಗಳು

ಊರಿನಿಂದ ಬಂದ ನೆಂಟರಿಗೆ ಶಿಕಾಗೊ ತೋರಿಸಲು ಹೊರಟರೆ ಮೊದಲು ಸರೋವರದ ದಂಡೆ, ಆಮೇಲೆ 1893ರಲ್ಲಿ ವಿವೇಕಾನಂದರು ಮಾತಾಡಿದ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡ. ಅವೆರಡೂ ಮುಗಿಯುತ್ತಿದ್ದಂತೆ ಪ್ರಶ್ನೆ ಬಂದೇ ಬರುತ್ತದೆ: 1929ರ ಗ್ಯಾಂಗ್ ಜಗಳದಲ್ಲಿ ಏಳು ಜನರನ್ನು ಗ್ಯಾರೇಜಿನ ಗೋಡೆಗೆ ನಿಲ್ಲಿಸಿ ಗುಂಡು ಹೊಡೆದ ಜಾಗ ಎಲ್ಲಿದೆ? ಪೇಟೆಯಿಂದ 22ನೇ ನಂಬರಿನ ಬಸ್ಸು ಹಿಡಿದು ಕ್ಲಾರ್ಕ್ ಬೀದಿಯಲ್ಲಿ ಉತ್ತರಕ್ಕೆ ಹೋದರೆ 2122ನೇ ನಂಬರಿನ ಜಾಗ ಸಿಗುತ್ತದೆ. ಅಲ್ಲಿರುವುದು ಹುಲ್ಲುಹಾಸು, ಒಂದಷ್ಟು ಮರ. ಗ್ಯಾರೇಜನ್ನು 1967ರಲ್ಲಿ ಕೆಡವಿದರು. ಆ ಗೋಡೆಯ ಇಟ್ಟಿಗೆಗಳನ್ನು ಕೆನಡಾದ ವ್ಯಾಪಾರಿಯೊಬ್ಬ ಕೊಂಡೊಯ್ದ. ಅವುಗಳಲ್ಲಿ ಬಹುಪಾಲು ಈಗ ಲಾಸ್ ವೇಗಾಸ್‌ನ ಮ್ಯೂಸಿಯಮ್ಮಿನಲ್ಲಿವೆ.

ಜಾಗ ನೋಡಿ ನಿರಾಸೆಯಾಗುವುದು ಸಹಜ. ಆದರೆ ಈ ಪ್ರಕರಣದಲ್ಲಿ ತಿಳಿಯಬೇಕಾದದ್ದು ಆ ಗೋಡೆಯಲ್ಲಿಲ್ಲ. ಗೋಡೆಯ ಬುಡದಲ್ಲಿ ಪೊಲೀಸರು ಆರಿಸಿಕೊಂಡ ಹಿತ್ತಾಳೆಯ ತುಂಡುಗಳಲ್ಲಿದೆ.

1929ರ ಫೆಬ್ರವರಿ 14, ಬೆಳಗಿನ ಹತ್ತೂವರೆಯ ಸುಮಾರು. 1920ರಿಂದ ದೇಶದಲ್ಲಿ ಪಾನನಿಷೇಧವಿತ್ತು. ಕಳ್ಳ ಮದ್ಯದ ವ್ಯಾಪಾರ ಊರನ್ನು ಹಂಚಿಕೊಂಡಿತ್ತು: ಉತ್ತರ ಭಾಗ ಬಗ್ಸ್ ಮೊರಾನ್ ಗುಂಪಿನದು, ದಕ್ಷಿಣ ಅಲ್ ಕಪೋನ್‌ನದು. ಮೊರಾನ್ ಕಡೆಯವರು ಸೇರುತ್ತಿದ್ದ ಗ್ಯಾರೇಜಿಗೆ ಪೊಲೀಸ್ ಸಮವಸ್ತ್ರದ ಇಬ್ಬರು ನುಗ್ಗಿದರು. ಮಾಮೂಲಿ ದಾಳಿ ಎಂದುಕೊಂಡು ಒಳಗಿದ್ದ ಏಳೂ ಜನ ಗೋಡೆಗೆ ಮುಖ ಮಾಡಿ ನಿಂತರು. ಅವರಲ್ಲಿ ಒಬ್ಬ ಮೆಕ್ಯಾನಿಕ್, ಇನ್ನೊಬ್ಬ ಗುಂಪಿನವರ ಸಹವಾಸ ಇಷ್ಟಪಡುತ್ತಿದ್ದ ಕನ್ನಡಕದ ವ್ಯಾಪಾರಿ. ಗುಂಡಿನ ಸದ್ದು ನಿಂತ ಮೇಲೆ ಸಮವಸ್ತ್ರದವರು, ಕೈ ಮೇಲೆತ್ತಿದ್ದ ಸಾದಾ ಉಡುಪಿನ ತಮ್ಮದೇ ಇಬ್ಬರು ಜೊತೆಗಾರರನ್ನು ಬಂದೂಕಿನ ಮುಂದೆ ನಡೆಸಿಕೊಂಡು ಹೊರಬಂದರು. ನೋಡಿದ ನೆರೆಹೊರೆಯವರು ಪೊಲೀಸರು ಯಾರನ್ನೋ ಹಿಡಿದರು ಎಂದುಕೊಂಡು ಸುಮ್ಮನಾದರು. ಮೊರಾನ್ ತಡವಾಗಿ ಬಂದಿದ್ದ. ಪೊಲೀಸ್ ಕಾರು ಕಂಡು ಹಿಂದಿರುಗಿ ಬದುಕಿಕೊಂಡ. ಕಪೋನ್ ಅಂದು ಫ್ಲಾರಿಡಾದಲ್ಲಿದ್ದ.

ಏಳು ಜನರಲ್ಲಿ ಫ್ರಾಂಕ್ ಗುಸೆನ್‌ಬರ್ಗ್ ಎಂಬವನಿಗೆ ಇನ್ನೂ ಉಸಿರಿತ್ತು. ಮೈಯಲ್ಲಿ 14 ಗುಂಡು. ಆಸ್ಪತ್ರೆಯಲ್ಲಿ ಪೊಲೀಸರು ಎಷ್ಟು ಕೇಳಿದರೂ ತನಗೆ ಯಾರೂ ಹೊಡೆದಿಲ್ಲ ಎಂದೇ ಹೇಳಿ ಕೆಲವು ಗಂಟೆಗಳಲ್ಲಿ ಸತ್ತ. ಆ ಕಾಲದ ಶಿಕಾಗೊದ ಕೊಲೆ ಮೊಕದ್ದಮೆಗಳು ಮುರಿದುಬೀಳುತ್ತಿದ್ದದ್ದು ಇಲ್ಲೇ. ಸಾಯುವವನೂ ಬಾಯಿ ಬಿಡುತ್ತಿರಲಿಲ್ಲ, ನೋಡಿದವರು ಕೋರ್ಟಿನ ಮೆಟ್ಟಿಲು ಹತ್ತುವ ಹೊತ್ತಿಗೆ ನೆನಪು ಕಳೆದುಕೊಂಡಿರುತ್ತಿದ್ದರು.

ನಮ್ಮಲ್ಲಿ ಪಂಚರನ್ನು ಕೂರಿಸಿ ಮಹಜರು ಬರೆಯುವ ಹಾಗೆ ಇಲ್ಲಿ ಆಗ ಕೊರೊನರ್ ಎಂಬ ಚುನಾಯಿತ ಅಧಿಕಾರಿ ಆರು ಜನರ ಜ್ಯೂರಿ ಕೂರಿಸಿ ಸಾವಿನ ಕಾರಣ ತೀರ್ಮಾನಿಸುತ್ತಿದ್ದ. ಕೊರೊನರ್ ಹರ್ಮನ್ ಬಂಡೆಸನ್ ಈ ಜ್ಯೂರಿಗೆ ಊರಿನ ಹಣವಂತ, ಗಣ್ಯ ಜನರನ್ನೇ ಆರಿಸಿದ. ಅವರು ಕ್ಯಾಲ್ವಿನ್ ಗಾಡರ್ಡ್ ಎಂಬ ಬಂದೂಕು ತಜ್ಞನನ್ನು ನ್ಯೂಯಾರ್ಕ್‌ನಿಂದ ಕರೆಸಿದರು. ಈ ಒಂದು ನಿರ್ಧಾರಕ್ಕೆ ನನ್ನ ಲೆಕ್ಕದಲ್ಲಿ ಇಡೀ ಪ್ರಕರಣಕ್ಕಿಂತ ಹೆಚ್ಚು ತೂಕವಿದೆ.

ಗಾಡರ್ಡ್ ಮುಂದೆ ಇಟ್ಟದ್ದು .45 ಅಳತೆಯ 70 ಖಾಲಿ ತೋಟಾಗಳು ಮತ್ತು ದೇಹಗಳಿಂದ ತೆಗೆದ ಗುಂಡುಗಳು. ತೋಟಾ ಸಿಡಿದಾಗ ಅದರ ತಳಕ್ಕೆ ಸೂಜಿ ಬಡಿದ ಗುಳಿ ಬೀಳುತ್ತದೆ. ತಳ ಹಿಂದಕ್ಕೆ ಒತ್ತಿಕೊಂಡು ಬಂದೂಕಿನ ಉಕ್ಕಿನ ಒರಟೆಲ್ಲ ಮೃದುವಾದ ಹಿತ್ತಾಳೆಯ ಮೇಲೆ ಅಚ್ಚಾಗುತ್ತದೆ. ಖಾಲಿ ತೋಟಾವನ್ನು ಹೊರಗೆಸೆಯುವ ಕೊಕ್ಕೆಯೂ ತನ್ನ ಗೀರು ಬಿಡುತ್ತದೆ. ಗುಂಡಿನ ಮೈಮೇಲೆ ನಳಿಗೆಯೊಳಗಿನ ಸುರುಳಿ ತೋಡುಗಳ ಗುರುತು ಬೀಳುತ್ತದೆ. ಒಂದೇ ಕಾರ್ಖಾನೆಯ ಒಂದೇ ಮಾದರಿಯ ಎರಡು ಬಂದೂಕುಗಳಲ್ಲೂ ತೋಡಿನ ಸಂಖ್ಯೆ, ಅಗಲ ಒಂದೇ ಇರಬಹುದು. ಬೇರೆಯಾಗುವುದು ಅದರೊಳಗಿನ ಕೂದಲೆಳೆಯಂಥ ಗೀರುಗಳು.

ಹೋಲಿಸುವ ಕ್ರಮ ಹೀಗೆ. ಅನುಮಾನದ ಬಂದೂಕಿನಿಂದ ಹತ್ತಿ ತುಂಬಿದ ಪೆಟ್ಟಿಗೆಯೊಳಕ್ಕೆ ಗುಂಡು ಹಾರಿಸಬೇಕು, ಗುಂಡು ನಜ್ಜಾಗದೆ ಸಿಗಲಿ ಎಂದು. ಆ ಗುಂಡನ್ನು ಒಂದು ಸೂಕ್ಷ್ಮದರ್ಶಕದ ಕೆಳಗೆ, ಹೆಣದಿಂದ ತೆಗೆದದ್ದನ್ನು ಇನ್ನೊಂದರ ಕೆಳಗೆ ಇಡುತ್ತಾರೆ. ಎರಡನ್ನೂ ಮೇಲೆ ಒಂದು ಸೇತುವೆ ಜೋಡಿಸಿರುತ್ತದೆ. ಒಂದೇ ಕಣ್ಣಗಾಜಿನಲ್ಲಿ ಎಡಭಾಗಕ್ಕೆ ಒಂದು ಗುಂಡು, ಬಲಭಾಗಕ್ಕೆ ಇನ್ನೊಂದು, ನಡುವೆ ಸಣ್ಣ ಗೆರೆ. ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು ನಿಧಾನಕ್ಕೆ ತಿರುಗಿಸುತ್ತಾ ಹೋಗಬೇಕು. ಗೀರುಗಳು ಗೆರೆ ದಾಟಿ ಒಂದೇ ಸಮನೆ ಮುಂದುವರಿದರೆ ಎರಡೂ ಒಂದೇ ನಳಿಗೆಯವು. ಇದು ಕೆಡುವುದು ಮೂರು ಕಾರಣಕ್ಕೆ: ಗುಂಡು ಇಟ್ಟಿಗೆಗೋ ಮೂಳೆಗೋ ಬಡಿದು ಚಪ್ಪಟೆಯಾಗಿರುವುದು, ನಳಿಗೆಗೆ ತುಕ್ಕು ಹಿಡಿದಿರುವುದು, ಆಮೇಲೆ ಹೆಚ್ಚು ಬಳಸಿ ಗೀರು ಸವೆದಿರುವುದು. ತೋಟಾಗಳಿಗೆ ಈ ಕಾಟ ಕಡಿಮೆ. ಅದಕ್ಕೇ ನೆಲದಿಂದ ಒಂದೂ ಬಿಡದೆ ಆರಿಸುವುದು ಮುಖ್ಯ.

ಗಾಡರ್ಡ್ ಹೇಳಿದ್ದು: 70 ತೋಟಾಗಳು ಎರಡು ಥಾಂಪ್ಸನ್ ಮೆಷಿನ್ ಗನ್‌ಗಳವು, ಒಂದರಿಂದ 50, ಇನ್ನೊಂದರಿಂದ 20. ಸಮವಸ್ತ್ರ ಕಂಡವರ ಬಾಯಲ್ಲಿ ಇದು ಪೊಲೀಸರದೇ ಕೆಲಸ ಎಂಬ ಮಾತು ಹಬ್ಬಿತ್ತು. ಆತ ಪೊಲೀಸರ ಥಾಂಪ್ಸನ್‌ಗಳನ್ನೂ ಹಾರಿಸಿ ನೋಡಿ, ಇವು ಅಲ್ಲ ಎಂದು ತೋರಿಸಿದ. ಜ್ಯೂರಿಯಲ್ಲಿದ್ದವರ ಹಣದಿಂದಲೇ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಅಪರಾಧ ಪತ್ತೆ ಪ್ರಯೋಗಾಲಯ ಶುರುವಾಯಿತು. 1938ರಲ್ಲಿ ಅದು ಶಿಕಾಗೊ ಪೊಲೀಸರ ಕೈಗೆ ಬಂತು.

ಬಂದೂಕುಗಳು ಸಿಕ್ಕಿದ್ದು ಹತ್ತು ತಿಂಗಳ ನಂತರ, ಬೇರೆ ರಾಜ್ಯದಲ್ಲಿ. 1929ರ ಡಿಸೆಂಬರ್ 14ರಂದು ಮಿಷಿಗನ್‌ನ ಸೇಂಟ್ ಜೋಸೆಫ್‌ನಲ್ಲಿ ಸಣ್ಣದೊಂದು ಕಾರು ಡಿಕ್ಕಿಯ ಜಗಳದಲ್ಲಿ ಫ್ರೆಡ್ ಬರ್ಕ್ ಎಂಬವ ಚಾರ್ಲ್ಸ್ ಸ್ಕೆಲ್ಲಿ ಎಂಬ ಪೊಲೀಸನನ್ನು ಕೊಂದ. ಅವನ ಮನೆಯಲ್ಲಿ ಎರಡು ಥಾಂಪ್ಸನ್‌ಗಳಿದ್ದವು. ಗಾಡರ್ಡ್‌ನ ಕಣ್ಣಗಾಜಿನಲ್ಲಿ ಎರಡೂ ಕ್ಲಾರ್ಕ್ ಬೀದಿಯ ಗುಂಡುಗಳಿಗೆ ತಾಳೆಯಾದವು. ಅವುಗಳಲ್ಲಿ ಒಂದು, 1928ರಲ್ಲಿ ಬ್ರೂಕ್ಲಿನ್‌ನಲ್ಲಿ ಗ್ಯಾಂಗ್ ನಾಯಕ ಫ್ರಾಂಕಿ ಯೇಲ್‌ನನ್ನು ಕೊಂದ ಬಂದೂಕೂ ಹೌದು. ಆದರೆ ಗೀರು ಬಂದೂಕನ್ನು ತೋರಿಸುತ್ತದೆ, ಕುದುರೆ ಎಳೆದ ಬೆರಳನ್ನು ತೋರಿಸುವುದಿಲ್ಲ. ಬರ್ಕ್‌ಗೆ ಸ್ಕೆಲ್ಲಿಯ ಕೊಲೆಗಾಗಿ ಜೀವಾವಧಿಯಾಯಿತು, 1940ರಲ್ಲಿ ಜೈಲಿನಲ್ಲೇ ಸತ್ತ. ಏಳು ಕೊಲೆಗಳಿಗಾಗಿ ಅವನ ಮೇಲಾಗಲಿ ಬೇರೆಯವರ ಮೇಲಾಗಲಿ ವಿಚಾರಣೆ ನಡೆಯಲೇ ಇಲ್ಲ.

ಕಪೋನ್‌ನನ್ನು ಹಿಡಿದದ್ದೂ ಒಂದು ವಸ್ತುವೇ. 1926ರ ಏಪ್ರಿಲ್‌ನಲ್ಲಿ ಸಿಸೆರೊ ಎಂಬ ಪಕ್ಕದ ಊರಲ್ಲಿ ವಿಲಿಯಂ ಮೆಕ್‌ಸ್ವಿಗಿನ್ ಎಂಬ ಸರ್ಕಾರಿ ವಕೀಲನ ಕೊಲೆಯಾಯಿತು. ಕೊಲೆಗಾರ ಸಿಗಲಿಲ್ಲ. ಸಿಟ್ಟಿಗೆದ್ದ ಪೊಲೀಸರು ಕಪೋನ್‌ನ ಜೂಜಿನ ಅಡ್ಡೆಗಳ ಮೇಲೆ ದಾಳಿ ಮಾಡಿ ಲೆಕ್ಕದ ಪುಸ್ತಕಗಳನ್ನು ಹೊತ್ತು ತಂದರು, ಅವು ಕಪಾಟಿನಲ್ಲಿ ಧೂಳು ತಿನ್ನುತ್ತಾ ಬಿದ್ದಿದ್ದವು. ಅಕ್ರಮ ಸಂಪಾದನೆಗೂ ತೆರಿಗೆ ಕಟ್ಟಬೇಕೆಂದು 1927ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತೆರಿಗೆ ಇಲಾಖೆಯ ಫ್ರಾಂಕ್ ವಿಲ್ಸನ್ ಆ ಪುಸ್ತಕ ಬಿಚ್ಚಿ, ಕೈಬರಹದ ಜಾಡು ಹಿಡಿದು, ಅದನ್ನು ಬರೆದ ಗುಮಾಸ್ತನನ್ನು ಮಯಾಮಿಯಲ್ಲಿ ಪತ್ತೆ ಮಾಡಿದ. ವಿಚಾರಣೆಯ ದಿನ ನ್ಯಾಯಾಧೀಶ ವಿಲ್ಕರ್‌ಸನ್ ತನ್ನ ಜ್ಯೂರಿ ಪಟ್ಟಿಯನ್ನು ಬೇರೆ ನ್ಯಾಯಾಧೀಶರ ಪಟ್ಟಿಯೊಂದಿಗೆ ಅದಲುಬದಲು ಮಾಡಿದ, ಲಂಚ ಮುಟ್ಟಿರಬಹುದೆಂಬ ಮುನ್ನೆಚ್ಚರಿಕೆಯಿಂದ. 1931ರ ಅಕ್ಟೋಬರ್‌ನಲ್ಲಿ ಐದು ಆರೋಪಗಳು ಸಾಬೀತಾಗಿ 11 ವರ್ಷ ಜೈಲು, 50,000 ಡಾಲರ್ ದಂಡ. ಕೊಲೆಯ ಆರೋಪ ಒಂದೂ ಇರಲಿಲ್ಲ.

ಕಪೋನ್ ಹೋದ ಮೇಲೂ ಗುಂಪು ಉಳಿಯಿತು. ಇಲ್ಲಿಯವರು ಅದನ್ನು 'ಔಟ್‌ಫಿಟ್' ಎನ್ನುತ್ತಾರೆ. 1970ರ ರಿಕೊ ಕಾಯ್ದೆ ಬಂದ ಮೇಲೆ ಒಂಟಿ ಕೊಲೆಯ ಬದಲು ಇಡೀ ಗುಂಪನ್ನೇ ಆರೋಪಿ ಮಾಡುವ ದಾರಿ ತೆರೆಯಿತು. ಸಂಘಟಿತ ಅಪರಾಧದ ವಿರುದ್ಧದ ನಮ್ಮ ಕೋಕಾ ಕಾಯ್ದೆ ಬಲ್ಲವರಿಗೆ ಇದರ ಧಾಟಿ ಬೇಗ ಹಿಡಿಯುತ್ತದೆ. 2007ರಲ್ಲಿ ನಡೆದ 'ಫ್ಯಾಮಿಲಿ ಸೀಕ್ರೆಟ್ಸ್' ವಿಚಾರಣೆಯಲ್ಲಿ 18 ಹಳೆಯ ಕೊಲೆಗಳು ಒಟ್ಟಿಗೆ ಕೋರ್ಟಿಗೆ ಬಂದವು. ಅದರ ಬೀಗ ತೆಗೆದದ್ದು 1986ರ ಕೊಲೆಯೊಂದರಲ್ಲಿ ಗುಂಪಿನ ಕೊಲೆಗಾರ ನಿಕ್ ಕಲಬ್ರೀಸಿ ಓಡುವಾಗ ಬೀಳಿಸಿದ, ತನ್ನದೇ ರಕ್ತ ಹತ್ತಿದ ಕೈಗವಸು. ವರ್ಷಗಳ ನಂತರ ಡಿಎನ್‌ಎ ತಾಳೆಯಾಗಿ, ಅವನೇ ಸರ್ಕಾರದ ಸಾಕ್ಷಿಯಾಗಿ ಅಣ್ಣನ ವಿರುದ್ಧ ನಿಂತ.

ಹುಲ್ಲುಹಾಸು ನೋಡಿ ಬೇಸರವಾದವರಿಗೆ ಎರಡು ದಾರಿ ಹೇಳುತ್ತೇನೆ. ಊರಲ್ಲೇ ಕೂತು ಓದುವವರು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಆನ್‌ಲೈನಿನಲ್ಲಿ ಇಟ್ಟಿರುವ 1870ರಿಂದ 1930ರವರೆಗಿನ ಶಿಕಾಗೊ ಕೊಲೆಗಳ ಪೊಲೀಸ್ ದಾಖಲೆ ತೆರೆಯಿರಿ. 11,000ಕ್ಕೂ ಹೆಚ್ಚು ಪ್ರಕರಣಗಳಿವೆ. ಗ್ಯಾಂಗಿನವರನ್ನೇ ಹುಡುಕಬೇಡಿ, ಯಾವುದಾದರೂ ಒಂದು ವಾರವನ್ನು ಪೂರ್ತಿ ಓದಿ. ಮನೆಜಗಳ, ಕುಡಿತದ ಹೊಡೆದಾಟಗಳೂ ಅಲ್ಲೇ ಸಾಲಾಗಿ ಕೂತಿರುತ್ತವೆ. ಶಿಕಾಗೊಕ್ಕೆ ಬರುವವರು ಪುಲಾಸ್ಕಿ ರಸ್ತೆಯ ರಾಷ್ಟ್ರೀಯ ಪತ್ರಾಗಾರಕ್ಕೆ ಮೊದಲೇ ಬರೆದು ಸಮಯ ಗೊತ್ತು ಮಾಡಿಕೊಳ್ಳಿ. ಕಪೋನ್‌ನ ತೆರಿಗೆ ಮೊಕದ್ದಮೆಯ ಕೋರ್ಟ್ ಕಡತ ಅಲ್ಲಿದೆ.