ಉತ್ತರ ಒಂಬತ್ತು ಬಂದರೆ ಕ್ಲಾಸು ಯಾಕೆ ನಗುತ್ತಿತ್ತು

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. 16 ವರ್ಷದ ಸರ್ವಿಸ್. ಈ ಬರಹದಲ್ಲಿ ಬರುವ ಹುಡುಗನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಅವನ ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಬರೆದು ಮುಗಿಸಿದ ಮೇಲೆ ಮೊದಲು ಅವನಿಗೇ ಕಳಿಸಿದೆ. ಎರಡು ಸಾಲು ತೆಗೆದುಬಿಡಿ ಮಿಸ್ ಅಂದ. ತೆಗೆದೆ.

2022ರ ಜುಲೈ ಇರಬೇಕು. ಎಂಟನೇ ತರಗತಿ, ಬೀಜಗಣಿತ. ಬೋರ್ಡ್ ಮೇಲೆ ಲೆಕ್ಕ ಬಿಡಿಸಿ ಕೊನೆಗೆ ‘ಎಕ್ಸ್ ಅಂದರೆ ಒಂಬತ್ತು’ ಎಂದೆ. ಹಿಂದಿನಿಂದ ಕಿಸಕ್ಕನೆ ನಗು. ಉತ್ತರವೇ ತಪ್ಪಾಯಿತೇನೋ ಅಂತ ತಿರುಗಿ ಬೋರ್ಡ್ ನೋಡಿದೆ. ಸರಿಯಾಗೇ ಇತ್ತು. ಇನ್ನೊಂದು ದಿನ ಮೂರರ ವರ್ಗ ಎಷ್ಟು ಅಂತ ಕೇಳಿದರೆ ಅರ್ಧ ಕ್ಲಾಸು ಒಟ್ಟಿಗೆ ಕೂಗಿತು, ಕೂಗುತ್ತಾ ಎಲ್ಲರೂ ಕಿಟಕಿ ಪಕ್ಕದ ಮೂರನೇ ಬೆಂಚಿನ ಕಡೆ ತಿರುಗಿದರು. ಅಲ್ಲಿ ಕೂತಿದ್ದ ಹುಡುಗ ತಲೆ ಎತ್ತದೆ ಬರೆಯುತ್ತಿದ್ದ. ಅವನ ಹಾಜರಿ ನಂಬರ್ 14. ನನಗೆ ಏನೂ ಹೊಳೆಯಲಿಲ್ಲ. ಎರಡು ತಿಂಗಳು ಕಳೆದ ಮೇಲೆ ಸ್ಟಾಫ್ ರೂಮಿನಲ್ಲಿ ಪಿ.ಟಿ. ಸರ್ ಹೇಳಿದರು, ‘ಏನ್ ಮೇಡಂ, ಒಂಬತ್ತು ಅಂದ್ರೆ ಗೊತ್ತಿಲ್ವಾ ನಿಮಗೆ?’

ನಮ್ಮ ಕಡೆ ಹೆಣ್ಣಿನ ಹಾಗೆ ಆಡುತ್ತಾರೆ ಅನ್ನಿಸಿದ ಹುಡುಗರಿಗೆ ಇಟ್ಟಿರುವ ಹೆಸರುಗಳು ಎಲ್ಲರಿಗೂ ಗೊತ್ತು. ಹೆಣ್ಣಿಗ, ಚಕ್ಕಾ, ಖೋಜಾ, ಒಂಬತ್ತು. ಹುಡುಗಿಯಾದರೆ ಗಂಡುಬೀರಿ. ಆ ಹುಡುಗ ಮಾತಾಡುವಾಗ ಕೈ ಜಾಸ್ತಿ ಆಡಿಸುತ್ತಿದ್ದ, ದನಿ ಸಣ್ಣದು, ಪ್ರತಿಭಾ ಕಾರಂಜಿಯಲ್ಲಿ ಜಾನಪದ ನೃತ್ಯ ಮಾಡಿದ್ದ. ಅಷ್ಟೇ ಸಾಕಾಯಿತು. ಯಾರೋ ಅವನ ಬೆಂಚಿನ ಮೇಲೆ ಕೈವಾರದ ಮುಳ್ಳಿನಿಂದ 9 ಅಂತ ಕೆತ್ತಿದ್ದರು. ಮುಂದಿನ ವರ್ಷ ಒಂಬತ್ತನೇ ತರಗತಿಗೆ ಬಂದಾಗ ‘ನೀನು ಮೊದಲಿಂದಾನೂ ಒಂಬತ್ತೇ ಅಲ್ವಾ’ ಅಂದರಂತೆ.

ಈಗ ಯೋಚಿಸಿದರೆ ನನಗೆ ಕಾಣಬೇಕಿದ್ದ ಸೂಚನೆಗಳು ಎಷ್ಟೊಂದಿದ್ದವು. ಅವನು ಇಂಟರ್‌ವಲ್‌ನಲ್ಲಿ ಒಂದಕ್ಕೆ ಹೋಗುತ್ತಿರಲಿಲ್ಲ. ಪೀರಿಯಡ್ ಶುರುವಾಗಿ ಹತ್ತು ನಿಮಿಷಕ್ಕೆ ಎದ್ದು ನಿಂತು ಹೋಗಲಾ ಅಂತ ಕೇಳುತ್ತಿದ್ದ. ‘ಇಷ್ಟೊತ್ತು ಏನ್ ಮಾಡ್ತಿದ್ದೆ?’ ಅಂತ ನಾನೇ ಎಷ್ಟೋ ಸಲ ಗದರಿದ್ದೇನೆ. ಇಂಟರ್‌ವಲ್‌ನಲ್ಲಿ ಶೌಚಾಲಯಕ್ಕೆ ಹೋದರೆ ಹೊರಗೆ ಬಾಗಿಲು ಹಿಡಿದುಕೊಳ್ಳುತ್ತಿದ್ದರು, ‘ಹುಡುಗಿಯರದ್ದು ಆ ಕಡೆ’ ಅಂತ ತಳ್ಳುತ್ತಿದ್ದರು, ಚಡ್ಡಿ ಎಳೆಯುತ್ತಿದ್ದರು. ಆಮೇಲಾಮೇಲೆ ಅವನು ಬೆಳಗ್ಗೆಯಿಂದ ನೀರು ಕುಡಿಯುವುದನ್ನೇ ಬಿಟ್ಟ. ತಲೆನೋವು, ಹೊಟ್ಟೆನೋವು ಅಂತ ರಜೆ ಹಾಕುತ್ತಿದ್ದ ದಿನಗಳನ್ನು ಹಾಜರಿ ಪುಸ್ತಕದಲ್ಲಿ ಆಮೇಲೆ ಕೂತು ನೋಡಿದೆ. ಹೆಚ್ಚಿನವು ಪಿ.ಟಿ. ಪೀರಿಯಡ್ ಇದ್ದ ದಿನಗಳು. ಎಫ್‌ಎ 1 ಕಿರು ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದವನು ಎಸ್‌ಎ 1 ಅರ್ಧವಾರ್ಷಿಕ ಪರೀಕ್ಷೆ ಹೊತ್ತಿಗೆ ಅರ್ಧಕ್ಕೆ ಇಳಿದಿದ್ದ. ನಾವು ‘ಓದಿನಲ್ಲಿ ಆಸಕ್ತಿ ಕಡಿಮೆಯಾಗಿದೆ’ ಅಂತ ಪ್ರಗತಿ ಪತ್ರದಲ್ಲಿ ಬರೆದು ಕಳಿಸಿದೆವು.

ಪಿ.ಟಿ. ಸರ್ ಹೇಳಿದ ಮೇಲೆ ನಾನು ಏನು ಮಾಡಿದೆ ಅನ್ನೋದು ಮುಖ್ಯ. ಅವನನ್ನು ಒಬ್ಬನನ್ನೇ ಕರೆದು ಪ್ರೀತಿಯಿಂದಲೇ ಹೇಳಿದೆ. ‘ನೋಡಪ್ಪಾ, ಸ್ವಲ್ಪ ಗಟ್ಟಿಯಾಗಿರು. ಹುಡುಗರ ಜೊತೆ ಕಬಡ್ಡಿ ಆಡು. ಕೈ ಹಾಗೆಲ್ಲ ಆಡಿಸಬೇಡ. ಅವರು ತಾವಾಗೇ ಸುಮ್ನಾಗ್ತಾರೆ.’ ಸರಿ ಮಿಸ್ ಅಂದು ಹೋದ. ಅವತ್ತಿನಿಂದ ನನ್ನ ಹತ್ತಿರ ಏನನ್ನೂ ಹೇಳಲಿಲ್ಲ. ಹೊಡೆಸಿಕೊಂಡವನನ್ನೇ ಕರೆದು ಬದಲಾಗು ಅಂದಿದ್ದೆ. ಹೊಡೆದವರನ್ನು ಕರೆಯಲೇ ಇಲ್ಲ. ಯುನೆಸ್ಕೊ 2019ರಲ್ಲಿ ತಮಿಳುನಾಡಿನ ಲೈಂಗಿಕ ಅಲ್ಪಸಂಖ್ಯಾತ ಯುವಜನರನ್ನು ಮಾತಾಡಿಸಿ ಒಂದು ವರದಿ ತಂದಿತ್ತು. ಅವರಲ್ಲಿ ಶೇ. 60ರಷ್ಟು ಮಂದಿ ಮಿಡ್ಲ್ ಸ್ಕೂಲು, ಹೈಸ್ಕೂಲಿನಲ್ಲಿ ಹೊಡೆತ ತಿಂದವರು. ಶಾಲೆಗೆ ದೂರು ಕೊಟ್ಟವರು ಶೇ. 18 ಮಾತ್ರ. ಯಾಕೆ ಅಷ್ಟು ಕಡಿಮೆ ಅಂತ ನನಗೆ ಯಾರೂ ವಿವರಿಸಬೇಕಾಗಿಲ್ಲ. ನನ್ನಂಥ ಮೇಷ್ಟ್ರುಗಳೇ ಕಾರಣ.

ಒಂಬತ್ತನೇ ತರಗತಿಯಲ್ಲಿ ಇದು ಫೋನಿಗೆ ಬಂತು. ಕೊರೊನಾ ಸಮಯದಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಮಕ್ಕಳ ಕೈಗೆ ಫೋನ್ ಬಂದಿತ್ತಲ್ವಾ, ಅದು ವಾಪಸ್ ಹೋಗಲೇ ಇಲ್ಲ. ಅವನು ಕುಣಿದ ವಿಡಿಯೋಗೆ ಚಪ್ಪಾಳೆ ಸದ್ದು ಸೇರಿಸಿ ರೀಲ್ ಮಾಡಿದರು. ಅವನ ಮುಖವನ್ನು ಕತ್ತರಿಸಿ ವಾಟ್ಸಾಪ್ ಸ್ಟಿಕರ್ ಮಾಡಿದರು. ಸ್ಟಿಕರ್ ಎಂಥ ಕೆಟ್ಟ ವಸ್ತು ಅಂತ ನನಗೆ ಆಗ ಗೊತ್ತಾಯಿತು. ಯಾರು ಮಾಡಿದ್ದು ಅಂತ ಹಿಡಿಯುವುದು ಕಷ್ಟ, ಗುಂಪಿನಿಂದ ಗುಂಪಿಗೆ ಹೋಗುತ್ತದೆ, ಪಕ್ಕದ ಶಾಲೆಯ ಮಕ್ಕಳ ಹತ್ತಿರವೂ ಇತ್ತು. ಟ್ಯೂಷನ್‌ಗೆ ಹೋದರೆ ಅಲ್ಲಿ ಹೊಸದಾಗಿ ಪರಿಚಯವಾದವನೂ ಅದನ್ನೇ ಕಳಿಸಿದನಂತೆ. ಆಮೇಲೆ ಅವನ ಹೆಸರಿನಲ್ಲೇ ಒಂದು ನಕಲಿ ಇನ್‌ಸ್ಟಾಗ್ರಾಮ್ ಖಾತೆ ಬಂತು. ‘ಮೊದಲು ಭಾನುವಾರ ಆದ್ರೂ ಇರ್ತಿತ್ತು ಮಿಸ್’ ಅಂತ ಒಮ್ಮೆ ಹೇಳಿದ.

ಇನ್ನು ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. 2023ರ ಸೆಪ್ಟೆಂಬರ್. ಅವನು ಹತ್ತನೇ ತರಗತಿಯ ಒಬ್ಬ ಹುಡುಗನಿಗೆ ಮೆಸೇಜ್ ಕಳಿಸಿದ್ದ. ನೀನಂದ್ರೆ ನಂಗಿಷ್ಟ ಅಂತ. ಅದರಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಆ ವಯಸ್ಸಿನ ಹುಡುಗ ಹುಡುಗಿಗೆ ಬರೆದಿದ್ದರೆ ನಾವು ಒಂದು ಮಾತು ಗದರಿ ಬಿಡುತ್ತಿದ್ದೆವು. ಅದರ ಸ್ಕ್ರೀನ್‌ಶಾಟ್ ಇಡೀ ಶಾಲೆ ಸುತ್ತಿ ಮುಖ್ಯೋಪಾಧ್ಯಾಯರ ಫೋನಿಗೂ ಬಂತು. ಸಭೆ ಸೇರಿದೆವು. ತಂದೆ ತಾಯಿಯನ್ನು ಕರೆಸಿ ತೋರಿಸಬೇಕು ಅಂತ ತೀರ್ಮಾನ. ‘ಮನೆಯವರಿಗೆ ಗೊತ್ತಾಗಲೇಬೇಕಲ್ವಾ’ ಅಂದವಳು ನಾನೇ. ಒಳ್ಳೆಯದಕ್ಕೇ ಅಂದುಕೊಂಡಿದ್ದೆ. ತಂದೆ ಬಂದರು, ಫೋನ್ ಕೈಗೆ ತೆಗೆದುಕೊಂಡು ಓದಿದರು, ಮಗನ ಮುಖವನ್ನೂ ನೋಡದೆ ಎದ್ದು ಹೋದರು. ಹುಡುಗ ಬಾಗಿಲ ಹತ್ತಿರ ನಿಂತು ನನ್ನನ್ನು ನೋಡಿದ. ಆ ನೋಟ ನನಗೆ ಈಗಲೂ ನಿದ್ದೆ ಕೆಡಿಸುತ್ತದೆ.

ಮಾರನೇ ದಿನದಿಂದ ಅವನು ಶಾಲೆಗೆ ಬರಲಿಲ್ಲ. ಫೋನ್ ಕಿತ್ತುಕೊಂಡರು. ಪಕ್ಕದ ಜಿಲ್ಲೆಯಲ್ಲಿ ಯಾರೋ ಇದನ್ನೆಲ್ಲ ವಾಸಿ ಮಾಡುತ್ತಾರೆ ಅಂತ ಕರೆದುಕೊಂಡು ಹೋಗಿ ಔಷಧಿಗೆ ಸಾಲ ಮಾಡಿ ದುಡ್ಡು ಕಟ್ಟಿದರು. ಮೂರು ವಾರ ಆದ ಮೇಲೆ ಒಂದು ರಾತ್ರಿ ಅವನ ಅಮ್ಮ ಫೋನ್ ಮಾಡಿದರು. ‘ಮಿಸ್, ಊಟ ಬಿಟ್ಟಿದ್ದಾನೆ. ರಾತ್ರಿಯೆಲ್ಲ ಎದ್ದು ಕೂತಿರ್ತಾನೆ. ನಾನಿದ್ದು ಏನು ಪ್ರಯೋಜನ ಅಂತಾನೆ. ಅವರಪ್ಪನಿಗೆ ಹೇಳೋಕೆ ಭಯ, ನಿಮಗೆ ಮಾಡಿದೆ.’ ನನಗೆ ಕೈ ಕಾಲು ಆಡಲಿಲ್ಲ. ಶಾಲೆಯ ಗೋಡೆ ಮೇಲೆ ಅಂಟಿಸಿದ್ದ 14416 ನೆನಪಾಯಿತು. ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅಲ್ಲಿಗೆ ಫೋನ್ ಮಾಡಿ ಅವನ ಅಮ್ಮನನ್ನೂ ಲೈನಿಗೆ ತೆಗೆದುಕೊಂಡೆ. ಅವನನ್ನು ಒಬ್ಬನನ್ನೇ ಬಿಡಬೇಡಿ, ಬೆಳಗ್ಗೆಯೇ ಆಸ್ಪತ್ರೆಗೆ ತೋರಿಸಿ ಅಂದರು. ಮಾರನೇ ದಿನ ಮಂಗಳವಾರ. ಮನೋಚೈತನ್ಯ ಅಂತ ಕಾರ್ಯಕ್ರಮ ಇದೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಾನು ರಜೆ ಹಾಕಿ ಜೊತೆಗೆ ಹೋದೆ.

ಡಾಕ್ಟರು ಹುಡುಗನ ಜೊತೆ ಒಂಟಿಯಾಗಿ ಮುಕ್ಕಾಲು ಗಂಟೆ ಮಾತಾಡಿದರು. ಆಮೇಲೆ ಅಪ್ಪನನ್ನೂ ಕರೆಸಿಕೊಂಡರು. ಮನೆಯಲ್ಲಿ ಏನು ಹೇಳಬಹುದು, ಏನು ಬೇಡ ಅಂತ ಹುಡುಗನನ್ನು ಮೊದಲೇ ಕೇಳಿದ್ದರು ಅಂತ ನನಗೆ ಆಮೇಲೆ ತಿಳಿಯಿತು. ಅಪ್ಪನಿಗೆ ಅವರು ಹೇಳಿದ್ದು ನನಗೆ ಹೆಚ್ಚುಕಮ್ಮಿ ಹಾಗೇ ನೆನಪಿದೆ. ‘ನಿಮ್ಮ ಮಗನಿಗೆ ಖಿನ್ನತೆ ಇದೆ. ನಿದ್ದೆ ಇಲ್ಲ, ಊಟ ಇಲ್ಲ, ಅದಕ್ಕೆ ನಾನು ಔಷಧಿ ಕೊಡ್ತೀನಿ, ವಾಸಿ ಆಗುತ್ತೆ. ನೀವು ಯಾವುದನ್ನು ವಾಸಿ ಮಾಡಿಸೋಕೆ ಓಡಾಡ್ತಿದ್ದೀರೋ ಅದು ಕಾಯಿಲೆ ಅಲ್ಲ, ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ, ಯಾರ ಹತ್ತಿರಾನೂ ಇಲ್ಲ.’ ಆಮೇಲೆ ನಾನೇ ಹುಡುಕಿ ಓದಿದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಪ್ರೀತಿಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು, ವಯಸ್ಕರ ಒಪ್ಪಿತ ಸಂಬಂಧಕ್ಕೆ, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಸೆಕ್ಷನ್ 377 ಅನ್ವಯಿಸಲ್ಲ ಅಂದಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇಂಥವರನ್ನು ‘ಸರಿ ಮಾಡುವ’ ಚಿಕಿತ್ಸೆ ಕೊಡುವುದು ಡಾಕ್ಟರ ವೃತ್ತಿ ದುರ್ನಡತೆ ಅಂತ ಹೇಳಿದೆ. ನಾನು 16 ವರ್ಷದಲ್ಲಿ ಎಷ್ಟೋ ತರಬೇತಿಗೆ ಹೋಗಿದ್ದೇನೆ. ಇದರಲ್ಲಿ ಒಂದು ಸಾಲನ್ನೂ ನಮಗೆ ಯಾರೂ ಹೇಳಿರಲಿಲ್ಲ.

ನನ್ನನ್ನು ಜಾಸ್ತಿ ತಟ್ಟಿದ್ದು ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರ ವಿಷಯ. ಪರಸ್ಪರ ಪ್ರೀತಿಸಿ ಮನೆ ಬಿಟ್ಟು ಬಂದ ಇಬ್ಬರು ಯುವತಿಯರ ಪ್ರಕರಣ ಅವರ ಮುಂದೆ ಬಂತು. ಈ ವಿಷಯ ನನಗೆ ಸರಿಯಾಗಿ ಅರ್ಥವಾಗಿಲ್ಲ ಅಂತ ಒಪ್ಪಿಕೊಂಡು, ಆದೇಶ ಬರೆಯುವ ಮುಂಚೆ ಅವರೇ ಮನಶ್ಶಾಸ್ತ್ರಜ್ಞರ ಹತ್ತಿರ ಹೋಗಿ ಕೂತು ಕಲಿತರು. 2021ರ ಜೂನ್‌ನಲ್ಲಿ ಆದೇಶ ಕೊಟ್ಟರು. ಹೈಕೋರ್ಟ್ ಜಡ್ಜ್ ಕಲಿಯಲು ಕೂತರು ಅಂದ ಮೇಲೆ ಎಂಟನೇ ಕ್ಲಾಸಿಗೆ ಗಣಿತ ಹೇಳುವ ನನಗೆ ಸಂಕೋಚ ಯಾಕೆ ಅನ್ನಿಸಿತು. ಆ ಡಾಕ್ಟರ ಹತ್ತಿರ ನಾಲ್ಕು ಸಲ ನಾನೊಬ್ಬಳೇ ಹೋಗಿ ಕೇಳಿದ್ದೇನೆ.

ಕಲಿಯಲು ಹೊರಟಾಗ ಒಂದು ಕಷ್ಟ ಪದಗಳದ್ದೇ. ಬೈಗುಳ ಬಿಟ್ಟರೆ ನಮ್ಮ ಸ್ಟಾಫ್ ರೂಮಿಗೆ ಗೊತ್ತಿದ್ದ ಒಂದೇ ಪದ ಪೇಪರಿನಲ್ಲಿ ಬರುವ ಸಲಿಂಗಕಾಮ. 14 ವರ್ಷದ ಹುಡುಗ ನೀನು ಇಷ್ಟ ಅಂತ ಬರೆದದ್ದಕ್ಕೆ ‘ಕಾಮ’ ಅನ್ನುವ ಪದ ಹಚ್ಚಿದರೆ ಕೇಳುವವರಿಗೆ ಬೇರೇನೇ ಚಿತ್ರ ಬರುತ್ತದೆ. ಅವನ ಅಪ್ಪನಿಗೂ ಅದೇ ಚಿತ್ರ ಬಂದಿತ್ತು. ನಾನೀಗ ಸಲಿಂಗಿ ಅನ್ನುತ್ತೇನೆ, ಸಲಿಂಗ ಪ್ರೀತಿ ಅನ್ನುತ್ತೇನೆ. ಇನ್ನೊಂದು ಗೊಂದಲವೂ ಇತ್ತು. ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿಯವರು 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದ ವಿಡಿಯೋ ನಮ್ಮ ಮಕ್ಕಳೆಲ್ಲ ನೋಡಿದ್ದರು. ಆ ಹುಡುಗನಿಗೆ ಧೈರ್ಯ ಬರಲಿ ಅಂತ ಅವರ ಉದಾಹರಣೆ ಹೇಳಿದೆ. ‘ಅವರು ಅಂದ್ರೆ ನಂಗೆ ಗೌರವ ಮಿಸ್, ಆದ್ರೆ ನಾನು ಹುಡುಗಾನೇ’ ಅಂದ. ತಾನು ಗಂಡೋ ಹೆಣ್ಣೋ ಅನ್ನುವುದು ಒಂದು ಮಾತು, ಮನಸ್ಸು ಯಾರ ಮೇಲೆ ಹೋಗುತ್ತದೆ ಅನ್ನುವುದು ಬೇರೆ ಮಾತು. ಅದನ್ನು ನನಗೆ ಹೇಳಿಕೊಟ್ಟವನು ಅವನು.

ನವೆಂಬರ್‌ನಲ್ಲಿ ಶಾಲೆಗೆ ವಾಪಸ್ ಬಂದ. ಅದೇ ತಿಂಗಳು ಮಧ್ಯಪ್ರದೇಶದ ಸುದ್ದಿ ಬಂತು. ದೀಪಾವಳಿಗೆ ಸೀರೆ ಉಟ್ಟು ರೀಲ್ ಹಾಕಿದ ಹುಡುಗನಿಗೆ ಸಾವಿರಾರು ಕೆಟ್ಟ ಕಾಮೆಂಟುಗಳು ಬಂದವು, ಆ ಮಗು ಉಳಿಯಲಿಲ್ಲ. ಇವನು ಅದನ್ನು ಓದಿದ್ದ. ‘ಮಿಸ್, ಆ ಕಾಮೆಂಟ್ ಹಾಕಿದವರಿಗೆ ಏನಾಗುತ್ತೆ?’ ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ಸಂಜೆ ಅವನ ನಕಲಿ ಖಾತೆಯನ್ನು ತೆಗೆಸಲು ಕೂತೆವು. 2021ರ ಐಟಿ ನಿಯಮದ ಪ್ರಕಾರ ಆಗ ಬೇರೆಯವರ ಸೋಗು ಹಾಕಿದ ಖಾತೆ, ತಿದ್ದಿದ ಫೋಟೋ ಇದ್ದರೆ ಸಂಬಂಧಪಟ್ಟವರು ಅಥವಾ ಅವರ ಪರವಾಗಿ ಯಾರಾದರೂ ದೂರು ಕೊಟ್ಟ 24 ಗಂಟೆಯೊಳಗೆ ಕಂಪನಿ ಅದನ್ನು ತೆಗೆಯಲು ಕ್ರಮ ತೆಗೆದುಕೊಳ್ಳಬೇಕಿತ್ತು. ಮೊದಲು ಎಲ್ಲದರ ಸ್ಕ್ರೀನ್‌ಶಾಟ್ ಲಿಂಕ್ ಸಮೇತ ಇಟ್ಟುಕೊಂಡೆವು, ಆಮೇಲೆ ದೂರು ಕೊಟ್ಟೆವು. ಸಿಟ್ಟಿಗೆ ಮೊದಲೇ ಅಳಿಸಿದರೆ ಪುರಾವೆ ಹೋಗುತ್ತದೆ. ಖಾತೆ ಹೋಯಿತು. ಸ್ಟಿಕರ್ ಮಾತ್ರ ಇನ್ನೂ ಎಲ್ಲೋ ಇದೆ.

ಸ್ಟಿಕರ್ ಮಾಡಿದವನು ಸಿಕ್ಕಿದ. ನನ್ನ ಮೆಚ್ಚಿನ ವಿದ್ಯಾರ್ಥಿ, ಎಲ್ಲರಿಗೂ ಲೆಕ್ಕ ಹೇಳಿಕೊಡುವವನು. ಪ್ರೇಯರ್‌ನಲ್ಲಿ ನಿಲ್ಲಿಸಿ ಕ್ಷಮೆ ಕೇಳಿಸೋಣ ಅಂದರು ಕೆಲವರು. ಈ ಸಲ ನಾನು ಒಪ್ಪಲಿಲ್ಲ. ಯಾತಕ್ಕೆ ಕ್ಷಮೆ ಅಂತ ಹೇಳಬೇಕಾಗುತ್ತದೆ, ಹೇಳಿದರೆ ಇಡೀ ಶಾಲೆಗೆ ಇನ್ನೊಮ್ಮೆ ಸಾರಿದ ಹಾಗೆ. ಒಬ್ಬನನ್ನೇ ಕೂರಿಸಿ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದ, ‘ನಾನು ನಗದೇ ಇದ್ರೆ ನನ್ನನ್ನೂ ಒಂಬತ್ತು ಅಂತಿದ್ರು ಮಿಸ್.’ ಅವನ ಅಪ್ಪ ಅಮ್ಮನನ್ನೂ ಕರೆಸಿದೆವು. ಅವನ ಫೋನಿನಿಂದ, ಗುಂಪುಗಳಿಂದ ಅದನ್ನೆಲ್ಲ ಅವನೇ ತೆಗೆದ, ಬೇರೆಯವರಿಗೂ ತೆಗೆಯಲು ಹೇಳಿದ. ಇಬ್ಬರೂ ಗೆಳೆಯರಾಗಲಿಲ್ಲ. ಆಗಬೇಕು ಅಂತ ನಾನು ಒತ್ತಾಯ ಮಾಡಲೂ ಇಲ್ಲ.

ಈಗ ನನ್ನ ಕ್ಲಾಸಿನಲ್ಲಿ ಒಂಬತ್ತು ಅಂದಾಗ ಯಾರಾದರೂ ನಕ್ಕರೆ ಹೊರಗೆ ಕಳಿಸುವುದಿಲ್ಲ. ಪಾಠ ನಿಲ್ಲಿಸಿ, ಏನು ತಮಾಷೆ, ನಂಗೂ ಹೇಳು ಅನ್ನುತ್ತೇನೆ. ಬಾಯಿ ಬಿಟ್ಟು ವಿವರಿಸಲು ಯಾರಿಗೂ ಆಗುವುದಿಲ್ಲ. ಎರಡನೇ ಸಲ ನಗುವುದು ಅಪರೂಪ. ಪೀರಿಯಡ್ ಮಧ್ಯೆ ಒಂದಕ್ಕೆ ಹೋಗುತ್ತೇನೆ ಅಂದರೆ ಪ್ರಶ್ನೆ ಕೇಳದೆ ಕಳಿಸುತ್ತೇನೆ. ಮಗು ಏನಾದರೂ ಹೇಳಿಕೊಳ್ಳಲು ಬಂದರೆ ಮೊದಲೇ ಹೇಳಿಬಿಡುತ್ತೇನೆ, ನಿನ್ನ ಜೀವಕ್ಕೆ ತೊಂದರೆ ಅನ್ನಿಸಿದರೆ, ಅಥವಾ ಯಾರಾದರೂ ಮೈ ಮೇಲೆ ಕೈ ಹಾಕಿದ್ದರೆ, ನಾನು ದೊಡ್ಡವರಿಗೆ ಹೇಳಲೇಬೇಕಾಗುತ್ತದೆ, ಎರಡನೆಯದಕ್ಕೆ ಪೋಕ್ಸೊ ಕಾನೂನೇ ಇದೆ ಅಂತ. ಉಳಿದದ್ದು ನಿನ್ನ ವಿಷಯ, ನೀನು ಹೇಳು ಅನ್ನುವವರೆಗೆ ಮನೆಗೆ ಹೋಗಲ್ಲ. ಮನೆಗೆ ತಿಳಿಸಲೇಬೇಕಾಗಿ ಬಂದರೂ ‘ಶಾಲೆಯಲ್ಲಿ ಕಾಟ ಕೊಡುತ್ತಿದ್ದಾರೆ, ಮಗು ನಿದ್ದೆ ಮಾಡುತ್ತಿಲ್ಲ, ಹುಷಾರಾಗಿ ನೋಡಿಕೊಳ್ಳಿ’ ಅಂದರೆ ಸಾಕು. ಮಗು ಯಾರನ್ನು ಇಷ್ಟಪಟ್ಟಿತು ಅಂತ ಹೇಳುವ ಅಗತ್ಯ ಇಲ್ಲ. ಆ ಒಂದು ವಾಕ್ಯ ಅವತ್ತು ಆ ಸಭೆಯಲ್ಲಿ ನನಗೆ ಹೊಳೆದಿದ್ದರೆ ಅವನ ಮೂರು ವಾರ ಹಾಗಿರುತ್ತಿರಲಿಲ್ಲ.

ಅವನು ಎಸ್ಸೆಸ್ಸೆಲ್ಸಿ ಪಾಸಾಗಿ ಬೇರೆ ಊರಿನಲ್ಲಿ ಪಿಯುಸಿ ಕಾಮರ್ಸ್ ಸೇರಿದ. ಅಪ್ಪ ಈಗಲೂ ಜಾಸ್ತಿ ಮಾತಾಡುವುದಿಲ್ಲ, ಆದರೆ ಹಾಸ್ಟೆಲ್ ಫೀಸ್ ಕಟ್ಟಿ ಬಸ್ಸು ಹತ್ತಿಸಿದ್ದು ಅವರೇ. ಶಾಲೆ ಬಿಡುವಾಗ ಅವನನ್ನು ಕೇಳಿದ್ದೆ, ಮುಂದೆ ಬರುವ ಮಕ್ಕಳಿಗೆ ನಾವು ಏನು ಮಾಡಬಹುದು ಅಂತ. ನಾನು ಏನೇನೋ ದೊಡ್ಡದು ನಿರೀಕ್ಷಿಸಿದ್ದೆ. ‘ಟಾಯ್ಲೆಟ್‌ಗೆ ಒಳಗಿಂದ ಚಿಲಕ ಹಾಕ್ಸಿ ಮಿಸ್’ ಅಂದ. ಎಸ್‌ಡಿಎಂಸಿಗೆ, ಅಂದರೆ ಶಾಲಾ ಅಭಿವೃದ್ಧಿ ಸಮಿತಿಗೆ, ಮೂರು ಸಲ ಅರ್ಜಿ ಬರೆದೆ. ಹೋದ ಶನಿವಾರ ಬಡಗಿ ಬಂದು ಎರಡು ಬಾಗಿಲಿಗೆ ಹಾಕಿದ್ದಾನೆ. ಇನ್ನೂ ಎರಡು ಬಾಕಿ ಇವೆ.